ಲೆಕ್ಕ ಸರಿ ಇದೆ, ಕೆಲಸ ಆಗಿದೆಯಾ? ಸಣ್ಣ ಎನ್‌ಜಿಒ ಒಂದನ್ನು ಅಳೆಯೋದು ಹೇಗೆ

ಸಂಬಳ ಬಂದ ವಾರ. ಇನ್‌ಸ್ಟಾಗ್ರಾಂನಲ್ಲಿ ಒಂದು ರೀಲ್ ಬರುತ್ತೆ: ಹಳ್ಳಿ ಶಾಲೆ, ಹೊಸ ಬ್ಯಾಗ್ ಹಿಡಿದು ನಗುವ ಮಕ್ಕಳು, ಕೆಳಗೆ ಕ್ಯೂಆರ್ ಕೋಡ್, ಪಕ್ಕದಲ್ಲಿ ‘80ಜಿ ಲಭ್ಯ’ ಅನ್ನೋ ಸಾಲು. ನೀವು ಐನೂರು ರೂಪಾಯಿ ಕಳಿಸ್ತೀರಿ. ಇಲ್ಲವೇ ‘ಇವೆಲ್ಲ ದುಡ್ಡು ಮಾಡೋ ದಂಧೆ’ ಅಂದುಕೊಂಡು ಮುಂದಕ್ಕೆ ಹೋಗ್ತೀರಿ. ಎರಡೂ ನಿರ್ಧಾರ ಆಗೋದು ಮೂವತ್ತು ಸೆಕೆಂಡಿನಲ್ಲಿ, ಎರಡಕ್ಕೂ ಆಧಾರ ಇಲ್ಲ.

ವರ್ಷಕ್ಕೆ ಹತ್ತಿಪ್ಪತ್ತು ಲಕ್ಷ ರೂಪಾಯಿಯಲ್ಲಿ, ನಾಲ್ಕೈದು ಜನ ಸಿಬ್ಬಂದಿಯೊಂದಿಗೆ ನಡೆಯುವ ಸಂಸ್ಥೆಯೊಂದನ್ನು ಒಂದು ಸಂಜೆ ಕೂತು ಪರಿಶೀಲಿಸೋದು ಹೇಗೆ ಅನ್ನೋದು ಈ ಬರಹದ ವಿಷಯ. ಇಲ್ಲಿ ಎರಡು ಬೇರೆ ಬೇರೆ ಪ್ರಶ್ನೆಗಳಿವೆ. ದುಡ್ಡು ಹೇಳಿದ ಕಡೆ ಹೋಯಿತಾ? ಹೋದ ದುಡ್ಡಿನಿಂದ ಯಾರ ಬದುಕಲ್ಲಾದರೂ ಏನಾದರೂ ಬದಲಾಯಿತಾ? ನಮ್ಮ ಕಾನೂನುಗಳೆಲ್ಲ ಹೆಚ್ಚುಕಡಿಮೆ ಮೊದಲನೆಯ ಪ್ರಶ್ನೆಗೆ ನಿಲ್ಲುತ್ತವೆ. ಎರಡನೆಯದನ್ನ ನಾವೇ ಕೇಳಬೇಕು.

ಮೊದಲು ಕಾಗದಪತ್ರ

ಸಂಸ್ಥೆಯ ಹುಟ್ಟು ಮೂರು ರೀತಿಯಲ್ಲಿ ಆಗಿರಬಹುದು. ಒಂದು, ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಅಡಿ ಸಂಘ. ಎರಡು, ಉಪ ನೋಂದಣಾಧಿಕಾರಿ ಕಚೇರಿಯಲ್ಲಿ ಪತ್ರ ನೋಂದಾಯಿಸಿದ ಟ್ರಸ್ಟ್. ಮೂರು, ಕಂಪನಿ ಕಾಯ್ದೆ 2013ರ ಸೆಕ್ಷನ್ 8ರ ಅಡಿ ಲಾಭರಹಿತ ಕಂಪನಿ.

ಇದು ಬರೀ ತಾಂತ್ರಿಕ ವಿವರ ಅಲ್ಲ. ಸಂಘದಲ್ಲಿ ಸದಸ್ಯರಿರ್ತಾರೆ, ಸರ್ವಸದಸ್ಯರ ಸಭೆ ನಡೀಬೇಕು, ನೋಂದಣಾಧಿಕಾರಿಗೆ ಲೆಕ್ಕ ಸಲ್ಲಿಸಬೇಕು. ಸೆಕ್ಷನ್ 8 ಕಂಪನಿಯ ದಾಖಲೆಗಳನ್ನ ಕಂಪನಿ ವ್ಯವಹಾರಗಳ ಸಚಿವಾಲಯದ ಪೋರ್ಟಲ್‌ನಲ್ಲಿ ಅಲ್ಪ ಶುಲ್ಕ ಕಟ್ಟಿ ಯಾರು ಬೇಕಾದರೂ ನೋಡಬಹುದು. ಟ್ರಸ್ಟ್‌ನಲ್ಲಿ ಟ್ರಸ್ಟಿಗಳೇ ಎಲ್ಲ. ಹಾಗಾಗಿ ಟ್ರಸ್ಟ್ ಆದರೆ ಟ್ರಸ್ಟಿಗಳು ಯಾರು ಅನ್ನೋದನ್ನ ಎರಡು ಪಟ್ಟು ಗಮನ ಕೊಟ್ಟು ನೋಡಿ.

ಆಮೇಲೆ ತೆರಿಗೆ. 12ಎ ನೋಂದಣಿ ಸಂಸ್ಥೆಯ ಆದಾಯಕ್ಕೆ ವಿನಾಯಿತಿ ಕೊಡುತ್ತೆ, 80ಜಿ ದಾನ ಕೊಟ್ಟವರಿಗೆ. 2026ರ ಏಪ್ರಿಲ್ 1ರಿಂದ ಜಾರಿಯಾದ ಹೊಸ ಆದಾಯ ತೆರಿಗೆ ಕಾಯ್ದೆಯಲ್ಲಿ ಸೆಕ್ಷನ್ ಸಂಖ್ಯೆಗಳು ಬದಲಾಗಿದ್ದರೂ ಜನರ ಬಾಯಲ್ಲಿ ಹಳೆಯ ಹೆಸರುಗಳೇ ಉಳಿದಿವೆ. 2021ರ ನಂತರ ಎಲ್ಲ ಸಂಸ್ಥೆಗಳೂ ಮರುನೋಂದಣಿ ಮಾಡಿಸಬೇಕಾಯಿತು. ಹಾಗಾಗಿ ಹತ್ತು ವರ್ಷದ ಹಿಂದಿನ ಪ್ರಮಾಣಪತ್ರ ತೋರಿಸಿದರೆ ಸಾಲದು, ಈಗಿನದು ಕೇಳಿ. 2021-22ರಿಂದ ಇನ್ನೊಂದು ನಿಯಮವೂ ಇದೆ: ನಿಮ್ಮ ದಾನದ ವಿವರವನ್ನ ಸಂಸ್ಥೆ ಆದಾಯ ತೆರಿಗೆ ಇಲಾಖೆಗೆ ಸಲ್ಲಿಸಿ, ಅಲ್ಲಿಂದಲೇ ತಯಾರಾಗುವ ಪ್ರಮಾಣಪತ್ರವನ್ನ ನಿಮಗೆ ಕೊಡಬೇಕು. ಬರೀ ರಸೀದಿ ಕೊಟ್ಟು ‘ಇಷ್ಟೇ ಸಾಕು ಸಾರ್’ ಅಂದರೆ ಅನುಮಾನ ಪಡಿ. 2,000 ರೂಪಾಯಿ ಮೀರಿದ ನಗದು ದಾನಕ್ಕೆ ತೆರಿಗೆ ಕಡಿತವೇ ಇಲ್ಲ ಅನ್ನೋದು ನೆನಪಿರಲಿ.

ವಿದೇಶದ ದುಡ್ಡು ಬರುತ್ತಿದ್ದರೆ ಎಫ್‌ಸಿಆರ್‌ಎ ನೋಂದಣಿ ಬೇಕು. ನೀತಿ ಆಯೋಗದ ‘ಎನ್‌ಜಿಒ ದರ್ಪಣ್’ ಪೋರ್ಟಲ್‌ನಲ್ಲಿ ಸಂಸ್ಥೆಯ ಹೆಸರಿದೆಯಾ ಅಂತಲೂ ನೋಡಬಹುದು. ಆದರೆ ಆ ಪಟ್ಟಿಯಲ್ಲಿ ಇರೋದು ಗುಣಮಟ್ಟದ ಸರ್ಟಿಫಿಕೇಟ್ ಅಲ್ಲ, ಸಂಸ್ಥೆ ತಾನೇ ತುಂಬಿದ ವಿವರ ಅಷ್ಟೇ.

ಕಾಗದ ಸರಿಯಿದ್ದರೆ ಸಂಸ್ಥೆ ನಕಲಿ ಅಲ್ಲ ಅಂತ ಗೊತ್ತಾಗುತ್ತೆ. ಅದಕ್ಕಿಂತ ಹೆಚ್ಚೇನೂ ಗೊತ್ತಾಗೋದಿಲ್ಲ.

ಬೇಡ ಅನ್ನೋಕೆ ಯಾರಿದ್ದಾರೆ?

ಆಡಳಿತ ಮಂಡಳಿಯ ಪಟ್ಟಿ ತೆಗೆದುಕೊಳ್ಳಿ. ಸಂಸ್ಥಾಪಕರು, ಅವರ ಪತ್ನಿ ಅಥವಾ ಪತಿ, ಅಣ್ಣ, ಭಾವ. ಐದು ಹೆಸರಲ್ಲಿ ನಾಲ್ಕು ಒಂದೇ ಮನೆಯವು. ಸಣ್ಣ ಸಂಸ್ಥೆಗಳಲ್ಲಿ ಇದು ತೀರಾ ಮಾಮೂಲಿ. ಶುರುವಿನಲ್ಲಿ ಜೊತೆಗೆ ನಿಲ್ಲೋದು ಮನೆಯವರೇ ಆದ್ದರಿಂದ ಇದನ್ನ ಕೂಡಲೇ ವಂಚನೆ ಅನ್ನಬೇಕಿಲ್ಲ. ಆದರೆ ಐದಾರು ವರ್ಷ ಕಳೆದ ಮೇಲೂ ‘ಈ ಖರ್ಚು ಬೇಡ’ ಅನ್ನುವ ಒಬ್ಬ ಹೊರಗಿನವರೂ ಮಂಡಳಿಯಲ್ಲಿ ಇಲ್ಲ ಅಂದರೆ, ಅಲ್ಲಿರೋದು ಒಬ್ಬರ ಒಳ್ಳೆಯತನದ ಮೇಲಿನ ನಂಬಿಕೆ ಮಾತ್ರ. ಒಳ್ಳೆಯವರೂ ದಣೀತಾರೆ, ಹಟ ಹಿಡೀತಾರೆ, ತಪ್ಪು ಲೆಕ್ಕ ಹಾಕ್ತಾರೆ.

ಆಡಿಟ್ ಆದ ಆಯವ್ಯಯ ಪಟ್ಟಿಯಲ್ಲಿ ಮೂರು ಕಡೆ ಕಣ್ಣಾಡಿಸಿ. ಒಂದು, ಸಂಬಂಧಿಕರಿಗೆ ಹೋದ ಸಂಬಳ, ಬಾಡಿಗೆ. ಸಂಸ್ಥೆಯ ಕಚೇರಿ ಸಂಸ್ಥಾಪಕರದೇ ಕಟ್ಟಡದಲ್ಲಿದ್ದರೆ ಬಾಡಿಗೆ ಎಷ್ಟು ಅಂತ ನೋಡಿ. ಎರಡು, ‘ಇತರೆ ವೆಚ್ಚ’ ಅನ್ನೋ ಸಾಲು. ಅದು ಹತ್ತನೇ ಒಂದು ಭಾಗಕ್ಕಿಂತ ದೊಡ್ಡದಿದ್ದರೆ ಅದರೊಳಗೇನಿದೆ ಅಂತ ಕೇಳಬಹುದು. ಮೂರು, ವರ್ಷದ ಕೊನೆಗೆ ಉಳಿದ ಹಣ. ತೆರಿಗೆ ವಿನಾಯಿತಿ ಬೇಕಿದ್ದರೆ ಆದಾಯದ 85% ದತ್ತಿ ಉದ್ದೇಶಕ್ಕೇ ಖರ್ಚಾಗಬೇಕು ಅನ್ನೋದು ಸಾಮಾನ್ಯ ನಿಯಮ. ವರ್ಷ ವರ್ಷವೂ ಹಣ ಉಳಿಸಿಟ್ಟುಕೊಂಡು ‘ತುರ್ತಾಗಿ ನೆರವು ಬೇಕು’ ಅಂತ ಪೋಸ್ಟರ್ ಹಾಕುವವರಿಗೆ ವಿವರಣೆ ಕೊಡುವ ಹೊಣೆ ಇದೆ.

ಸರ್ಕಾರದ ಹಣದಿಂದಲೇ ಗಣನೀಯವಾಗಿ ನಡೆಯುವ ಸಂಸ್ಥೆ ಆರ್‌ಟಿಐ ವ್ಯಾಪ್ತಿಗೆ ಬರುತ್ತೆ ಅಂತ ಸುಪ್ರೀಂ ಕೋರ್ಟ್ 2019ರಲ್ಲಿ ಡಿಎವಿ ಕಾಲೇಜು ಟ್ರಸ್ಟ್ ಪ್ರಕರಣದಲ್ಲಿ ಹೇಳಿದೆ. ಇದು ನಿಮ್ಮ ಕೈಲಿರುವ ಅಸ್ತ್ರ.

‘ನೂರಕ್ಕೆ ನೂರು ಮಕ್ಕಳಿಗೇ’ ಅನ್ನೋ ಮಾತು

‘ನಿಮ್ಮ ದಾನದ ಪ್ರತಿ ಪೈಸೆಯೂ ನೇರ ಮಕ್ಕಳಿಗೆ’ ಅನ್ನೋ ಘೋಷಣೆ ಕೇಳೋಕೆ ಚೆಂದ. ಹಾಗಾದರೆ ಲೆಕ್ಕ ಬರೆಯುವವರಿಗೆ, ಹಳ್ಳಿ ಸುತ್ತಿ ನೋಡಿ ಬರುವವರಿಗೆ ಸಂಬಳ ಎಲ್ಲಿಂದ? ಯಾರೋ ಕೊಡುತ್ತಿರಬೇಕು, ಇಲ್ಲ ಆ ಕೆಲಸ ನಡೀತಿಲ್ಲ.

ಕಾನೂನಿಗೂ ಈ ಗೀಳು ಇದೆ. 2020ರ ತಿದ್ದುಪಡಿಯಲ್ಲಿ ಎಫ್‌ಸಿಆರ್‌ಎ ಹಣದಲ್ಲಿ ಆಡಳಿತ ವೆಚ್ಚದ ಮಿತಿಯನ್ನ 50%ನಿಂದ 20%ಕ್ಕೆ ಇಳಿಸಲಾಯಿತು. ದೊಡ್ಡ ಸಂಸ್ಥೆಗಳು ತಮ್ಮ ಹಣದಲ್ಲಿ ಸಣ್ಣ ಸಂಸ್ಥೆಗಳಿಗೆ ಪಾಲು ಕೊಡೋದನ್ನೂ ಅದೇ ತಿದ್ದುಪಡಿ ನಿಲ್ಲಿಸಿತು. ಅತ್ತ 2022ರ ಜುಲೈನಲ್ಲಿ, ಸಂಸ್ಥೆಗಳು ತಾವು ಪಡೆದ ವಿದೇಶಿ ಹಣದ ವಿವರವನ್ನ ಮೂರು ತಿಂಗಳಿಗೊಮ್ಮೆ ವೆಬ್‌ಸೈಟ್‌ನಲ್ಲಿ ಪ್ರಕಟಿಸಬೇಕು ಅನ್ನೋ ನಿಯಮವನ್ನೇ ಗೃಹ ಸಚಿವಾಲಯ ಕೈಬಿಟ್ಟಿತು. ಅಂದರೆ ಸಂಸ್ಥೆಗಳ ಮೇಲೆ ಸರ್ಕಾರದ ಹಿಡಿತ ಬಿಗಿಯಾಯಿತು, ಜನರಿಗೆ ಕಾಣುವ ಕಿಟಕಿ ಸಣ್ಣದಾಯಿತು. ನಿಯಂತ್ರಣ ಬೇರೆ, ಉತ್ತರದಾಯಿತ್ವ ಬೇರೆ.

ಖರ್ಚು ಕಡಿಮೆ ಆದಷ್ಟೂ ಒಳ್ಳೆಯದು ಅನ್ನೋ ನಂಬಿಕೆಗೆ ರಾಜಸ್ಥಾನದ ಉದಯಪುರದಲ್ಲಿ ಒಳ್ಳೆ ಉತ್ತರ ಇದೆ. ಅಲ್ಲಿನ ಸೇವಾ ಮಂದಿರ ಅನ್ನೋ ಸಂಸ್ಥೆ ಮಕ್ಕಳ ಲಸಿಕೆಯ ಕಾರ್ಯಕ್ರಮವನ್ನ ಸಂಶೋಧಕರ ಪರೀಕ್ಷೆಗೆ ಒಡ್ಡಿತು. ಕೆಲವು ಹಳ್ಳಿಗಳಲ್ಲಿ ಪ್ರತಿ ತಿಂಗಳು ತಪ್ಪದೆ ಲಸಿಕೆ ಶಿಬಿರ. ಇನ್ನು ಕೆಲವು ಕಡೆ ಶಿಬಿರದ ಜೊತೆ ಪ್ರತಿ ಲಸಿಕೆಗೆ ಒಂದು ಕೆ.ಜಿ. ಬೇಳೆ. ಉಳಿದ ಕಡೆ ಏನೂ ಇಲ್ಲ. 2010ರಲ್ಲಿ ಪ್ರಕಟವಾದ ಫಲಿತಾಂಶ: ಏನೂ ಮಾಡದ ಕಡೆ 6% ಮಕ್ಕಳಿಗೆ ಪೂರ್ಣ ಲಸಿಕೆ ಆಗಿತ್ತು, ಶಿಬಿರ ನಡೆದ ಕಡೆ 18%, ಬೇಳೆಯೂ ಕೊಟ್ಟ ಕಡೆ 39%. ಬೇಳೆಗೆ ಖರ್ಚು ಹೆಚ್ಚು ತಾನೇ? ಆದರೆ ಪೂರ್ಣ ಲಸಿಕೆ ಪಡೆದ ಒಂದು ಮಗುವಿಗೆ ತಗುಲಿದ ಖರ್ಚು ಬರೀ ಶಿಬಿರದಲ್ಲಿ ಸುಮಾರು 2,200 ರೂಪಾಯಿ, ಬೇಳೆ ಕೊಟ್ಟಲ್ಲಿ ಸುಮಾರು 1,100. ನರ್ಸ್‌ನ ಸಂಬಳ ಅಷ್ಟೇ, ಬಂದ ಮಕ್ಕಳು ಹೆಚ್ಚು. ಬಜೆಟ್‌ನ ಶೇಕಡಾವಾರು ನೋಡಿದವರಿಗೆ ಇದು ಕಾಣೋದೇ ಇಲ್ಲ.

ಹಂಚಿದ್ದೆಷ್ಟು, ಬದಲಾಗಿದ್ದೆಷ್ಟು

ವಾರ್ಷಿಕ ವರದಿಗಳಲ್ಲಿ ತುಂಬಿರೋದು ಹಂಚಿಕೆಯ ಲೆಕ್ಕ. 500 ಬ್ಯಾಗ್, 40 ಶಿಬಿರ, 1,200 ಫಲಾನುಭವಿಗಳು. ಇವೆಲ್ಲ ಕೆಲಸದ ಲೆಕ್ಕ, ಫಲದ ಲೆಕ್ಕ ಅಲ್ಲ.

ಒಡಿಶಾದ ಗ್ರಾಮ ವಿಕಾಸ ಸಂಸ್ಥೆ ಹಳ್ಳಿಮನೆಗಳಿಗೆ ಹೊಗೆ ಕಡಿಮೆ ಮಾಡುವ ಒಲೆಗಳನ್ನ ಕಟ್ಟಿಸಿತು. ಎಸ್ತರ್ ಡುಫ್ಲೊ, ಮೈಕೆಲ್ ಗ್ರೀನ್‌ಸ್ಟೋನ್, ರೆಮಾ ಹನ್ನಾ ಸುಮಾರು 2,600 ಕುಟುಂಬಗಳನ್ನ ನಾಲ್ಕು ವರ್ಷದವರೆಗೆ ಹಿಂಬಾಲಿಸಿ ನೋಡಿದರು. ಮೊದಲ ವರ್ಷ ಅಡುಗೆ ಮಾಡುವವರ ದೇಹಕ್ಕೆ ಸೇರುವ ಹೊಗೆ ಕಡಿಮೆಯಾಯಿತು. ಎರಡನೇ ವರ್ಷದ ಹೊತ್ತಿಗೆ ಆ ವ್ಯತ್ಯಾಸ ಹೋಗಿಬಿಟ್ಟಿತ್ತು. ಜನ ಒಲೆಯನ್ನ ಸರಿಯಾಗಿ ಬಳಸಲಿಲ್ಲ, ದುರಸ್ತಿ ಮಾಡಿಸಲಿಲ್ಲ. ಆರೋಗ್ಯ ಸುಧಾರಿಸಲಿಲ್ಲ, ಸೌದೆಯೂ ಉಳಿಯಲಿಲ್ಲ. ಇಲ್ಲಿ ಹಣ ಕದ್ದವರು ಯಾರೂ ಇಲ್ಲ. ಒಲೆ ನಿಜವಾಗಿಯೂ ಕಟ್ಟಿದ್ದರು, ಲೆಕ್ಕ ಸರಿ ಇತ್ತು. ಎರಡು ವರ್ಷ ಬಿಟ್ಟು ಹೋಗಿ ನೋಡದೇ ಇದ್ದಿದ್ದರೆ ಇದು ಯಶಸ್ಸಿನ ಕಥೆಯಾಗಿಯೇ ಉಳಿಯುತ್ತಿತ್ತು.

ಅವರು ಇಲ್ಲದಿದ್ದರೆ ಏನಾಗುತ್ತಿತ್ತು?

ಇಡೀ ಪರಿಶೀಲನೆಯಲ್ಲಿ ಒಂದೇ ಪ್ರಶ್ನೆ ಕೇಳೋಕೆ ಅವಕಾಶ ಇದ್ದರೆ ಇದನ್ನೇ ಕೇಳಿ. ಒಂದು ಕಾಲ್ಪನಿಕ ಉದಾಹರಣೆ ನೋಡೋಣ.

ಸಂಜೆ ಪಾಠ ನಡೆಸುವ ಸಂಸ್ಥೆ. ವರ್ಷದ ಖರ್ಚು 18 ಲಕ್ಷ ರೂಪಾಯಿ. ದಾಖಲಾದವರು 300 ಮಕ್ಕಳು, ನಿಯಮಿತವಾಗಿ ಬರೋರು 180. ವರದಿ ಹೇಳೋದು ‘ಮಗುವಿಗೆ 6,000 ರೂಪಾಯಿ’. ಬರುವ ಮಕ್ಕಳಿಗೆ ಭಾಗಿಸಿದರೆ 10,000. ವರ್ಷದ ಶುರುವಿನಲ್ಲಿ ಈ 180ರಲ್ಲಿ 60 ಮಕ್ಕಳಿಗೆ ಎರಡನೇ ತರಗತಿಯ ಪಾಠ ಓದಲು ಬರುತ್ತಿತ್ತು, ಕೊನೆಗೆ 110 ಮಕ್ಕಳಿಗೆ. ‘50 ಮಕ್ಕಳನ್ನ ಓದುವಂತೆ ಮಾಡಿದೆವು’ ಅಂತ ಪೋಸ್ಟ್ ಬರುತ್ತೆ.

ತಡೆಯಿರಿ. ಅದೇ ಶಾಲೆಗಳಲ್ಲಿ ಸಂಜೆ ಪಾಠಕ್ಕೆ ಬಾರದ ಮಕ್ಕಳ ಕಥೆ ಏನು? ಅವರಲ್ಲೂ ಶುರುವಿನಲ್ಲಿ ಮೂರರಲ್ಲಿ ಒಬ್ಬರು ಓದುತ್ತಿದ್ದರು, ವರ್ಷದ ಕೊನೆಗೆ ಇಬ್ಬರಲ್ಲಿ ಒಬ್ಬರು ಓದುತ್ತಾರೆ ಅಂದುಕೊಳ್ಳಿ. ಹಾಗಿದ್ದರೆ 180ರಲ್ಲಿ 90 ಮಕ್ಕಳು ಹೇಗಿದ್ದರೂ ಓದುವ ಹಂತಕ್ಕೆ ಬರುತ್ತಿದ್ದರು. ಸಂಸ್ಥೆಯಿಂದ ಆದ ಹೆಚ್ಚುವರಿ ಫಲ 20 ಮಕ್ಕಳು. 18 ಲಕ್ಷವನ್ನ 20ರಿಂದ ಭಾಗಿಸಿದರೆ ತಲಾ 90,000 ರೂಪಾಯಿ. ಸಂಜೆ ಪಾಠಕ್ಕೆ ಬರುವ ಮಕ್ಕಳ ಮನೆಯಲ್ಲೇ ಓದಿನ ಕಾಳಜಿ ಹೆಚ್ಚಿದ್ದರೆ ಆ 20 ಕೂಡ ಪೂರ್ತಿ ಸಂಸ್ಥೆಯ ಲೆಕ್ಕಕ್ಕೆ ಸೇರೋದಿಲ್ಲ.

6,000ದಿಂದ 90,000ಕ್ಕೆ ಹೋದೆವು, ಎಲ್ಲೂ ಸುಳ್ಳು ಹೇಳಲಿಲ್ಲ. ಹಾಗಂತ ಸಂಸ್ಥೆ ಕೆಟ್ಟದ್ದು ಅಂತ ಅರ್ಥ ಅಲ್ಲ. ಹೊಲದಿಂದ ಅಮ್ಮ ಬರೋವರೆಗೆ ಮಕ್ಕಳಿಗೆ ಸುರಕ್ಷಿತ ಜಾಗ ಸಿಕ್ಕಿರಬಹುದು. ಅದೂ ಬೆಲೆಯುಳ್ಳ ಕೆಲಸವೇ. ಆದರೆ ಆಗ ಸಂಸ್ಥೆ ಅದನ್ನೇ ಹೇಳಬೇಕು, ಅದನ್ನೇ ಅಳೆಯಬೇಕು.

ಎಷ್ಟು ಕೇಳೋದು ನ್ಯಾಯ?

ನಾಲ್ಕು ಜನರ ಸಂಸ್ಥೆಗೆ ‘ವಿಶ್ವವಿದ್ಯಾಲಯದ ಅಧ್ಯಯನ ಎಲ್ಲಿ’ ಅಂತ ಕೇಳೋದು ಅನ್ಯಾಯ. ಸಿಎಸ್‌ಆರ್ ನಿಯಮಗಳೂ ಪರಿಣಾಮದ ಅಧ್ಯಯನ ಕೇಳೋದು ದೊಡ್ಡವರನ್ನ ಮಾತ್ರ: ಮೂರು ವರ್ಷಗಳ ಸರಾಸರಿ ಸಿಎಸ್‌ಆರ್ ಬಾಧ್ಯತೆ 10 ಕೋಟಿ ರೂಪಾಯಿ ಮುಟ್ಟಿದ ಕಂಪನಿಯ, 1 ಕೋಟಿ ಅಥವಾ ಹೆಚ್ಚಿನ ವೆಚ್ಚದ ಯೋಜನೆಗಳಿಗೆ. ನಿಮ್ಮ ತಾಲ್ಲೂಕಿನ ಸಣ್ಣ ಸಂಸ್ಥೆಯ ಕೆಲಸವನ್ನ ಕಾನೂನಿನ ಪ್ರಕಾರ ಯಾರೂ ಅಳೆಯಬೇಕಾಗಿಲ್ಲ.

ಆದರೆ ಸಣ್ಣವರಿಗೆ ಆಗುವ ಕೆಲಸವೂ ಇದೆ. ಹಾಜರಿ ಪುಸ್ತಕ ಇಡೋದು. ಶುರುವಿನಲ್ಲೊಮ್ಮೆ, ಕೊನೆಯಲ್ಲೊಮ್ಮೆ ಒಂದೇ ಪರೀಕ್ಷೆ ಮಾಡೋದು. ಪ್ರಥಮ್ ಸಂಸ್ಥೆ 2005ರಿಂದ ‘ಅಸರ್’ ಸಮೀಕ್ಷೆಗೆ ಬಳಸುವ ಓದಿನ ಪರೀಕ್ಷೆ ಕನ್ನಡದಲ್ಲೂ ಇದೆ, ಒಂದು ಮಗುವಿಗೆ ಕೆಲವೇ ನಿಮಿಷ ಸಾಕು. ಪಕ್ಕದ ಊರಿನ ಮಕ್ಕಳೊಂದಿಗೆ ಹೋಲಿಸೋದು. ಬಿಟ್ಟು ಹೋದವರ ಮನೆಗೆ ಹೋಗಿ ಯಾಕೆ ಅಂತ ಕೇಳೋದು. ಇದಕ್ಕೆ ಡಾಕ್ಟರೇಟ್ ಬೇಡ.

ಆಮೇಲೆ, ಸೋಲನ್ನ ಹೇಳುವ ಧೈರ್ಯ. ಬಾಂಗ್ಲಾದೇಶದ ರಂಗಪುರದಲ್ಲಿ ಬೆಳೆ ಇಲ್ಲದ ತಿಂಗಳುಗಳಲ್ಲಿ ಕೂಲಿಗಾಗಿ ಪಟ್ಟಣಕ್ಕೆ ಹೋಗುವ ಬಡವರಿಗೆ ಬಸ್ ಖರ್ಚಿನಷ್ಟು ಹಣ ಕೊಡುವ ಪ್ರಯೋಗ ಮೊದಲು ಚೆನ್ನಾಗಿ ಫಲ ಕೊಟ್ಟಿತ್ತು. ಎವಿಡೆನ್ಸ್ ಆಕ್ಷನ್ ಅನ್ನೋ ಸಂಸ್ಥೆ ಅದನ್ನ ದೊಡ್ಡದಾಗಿ ನಡೆಸಿತು. 2017ರ ಸುತ್ತಿನ ಪರೀಕ್ಷೆಯಲ್ಲಿ ನಿರೀಕ್ಷಿತ ಫಲ ಕಾಣಲಿಲ್ಲ. ಸಂಸ್ಥೆ ಅದನ್ನ ಬಹಿರಂಗವಾಗಿ ಹೇಳಿತು, 2019ರಲ್ಲಿ ಕಾರ್ಯಕ್ರಮವನ್ನೇ ನಿಲ್ಲಿಸಿತು. ಐದು ವರ್ಷದ ವರದಿಗಳಲ್ಲಿ ಒಂದೂ ಸೋಲು ಇಲ್ಲದ ಸಂಸ್ಥೆಗಿಂತ ಇಂಥವರನ್ನ ನಂಬಬಹುದು.

ಕೈಯಲ್ಲಿಟ್ಟುಕೊಳ್ಳಿ: ಏಳು ಪ್ರಶ್ನೆ

1. ಕಳೆದ ಮೂರು ವರ್ಷದ ಆಡಿಟ್ ವರದಿ ಕಳಿಸ್ತೀರಾ?
2. ಮಂಡಳಿಯಲ್ಲಿ ಸಂಬಂಧಿಕರಲ್ಲದವರು ಎಷ್ಟು ಜನ? ಹಿಂದಿನ ಸಭೆ ಯಾವಾಗ ಆಯಿತು?
3. ಎಷ್ಟು ಜನ ಸೇರಿದರು, ಎಷ್ಟು ಜನ ಕೊನೆಯವರೆಗೆ ಉಳಿದರು?
4. ಶುರುವಿನಲ್ಲಿ ಏನು ಅಳೆದಿರಿ, ಕೊನೆಯಲ್ಲಿ ಏನು ಅಳೆದಿರಿ?
5. ನೀವು ಇಲ್ಲದ ಊರಲ್ಲಿ ಇದೇ ಅವಧಿಯಲ್ಲಿ ಏನಾಯಿತು?
6. ಕೈಬಿಟ್ಟ ಅಥವಾ ಬದಲಿಸಿದ ಒಂದು ಕೆಲಸ ಹೇಳಿ. ಯಾಕೆ ಬದಲಿಸಿದಿರಿ?
7. ನಿಮ್ಮ ಮೇಲೆ ದೂರಿದ್ದರೆ ಆ ಊರಿನವರು ಯಾರ ಬಳಿ ಹೋಗಬೇಕು?

ಏಳಕ್ಕೂ ಉತ್ತರ ಸಿಗೋದು ಅಪರೂಪ. ‘ಐದನೆಯದನ್ನ ನಾವು ಯೋಚಿಸಿಯೇ ಇಲ್ಲ, ಈ ವರ್ಷ ನೋಡ್ತೀವಿ’ ಅಂದರೂ ಅದು ಒಳ್ಳೆ ಉತ್ತರವೇ. ಪ್ರಶ್ನೆ ಕೇಳಿದ್ದಕ್ಕೇ ಸಿಟ್ಟಾದರೆ, ‘ಸೇವೆಯನ್ನ ಅನುಮಾನಿಸ್ತೀರಾ’ ಅಂದರೆ, ನಿಮ್ಮ ಐನೂರು ರೂಪಾಯಿಗೆ ಬೇರೆ ದಾರಿ ಹುಡುಕಿ.

ಏಳನೇ ಪ್ರಶ್ನೆ ಎಲ್ಲಕ್ಕಿಂತ ರಾಜಕೀಯವಾದದ್ದು. ಸಂಸ್ಥೆ ದಾನಿಗೆ ವರದಿ ಕೊಡುತ್ತೆ, ಇಲಾಖೆಗೆ ರಿಟರ್ನ್ಸ್ ಸಲ್ಲಿಸುತ್ತೆ. ಯಾರ ಮಗುವಿನ ಹೆಸರಲ್ಲಿ ಇದೆಲ್ಲ ನಡೀತಿದೆಯೋ ಆ ತಾಯಿಗೆ ಏನೂ ಕೊಡೋದಿಲ್ಲ. ಸರ್ಕಾರಿ ಶಾಲೆ ಸರಿಯಿಲ್ಲದಿದ್ದರೆ ಆಕೆ ಎಸ್‌ಡಿಎಂಸಿ ಸಭೆಯಲ್ಲಿ ಕೂಗಾಡಬಹುದು, ಶಾಸಕರನ್ನ ರಸ್ತೆಯಲ್ಲಿ ನಿಲ್ಲಿಸಿ ಕೇಳಬಹುದು, ಐದು ವರ್ಷಕ್ಕೊಮ್ಮೆ ಸೋಲಿಸಲೂಬಹುದು. ಎನ್‌ಜಿಒವನ್ನ ಆಕೆ ಸೋಲಿಸೋಕೆ ಆಗೋದಿಲ್ಲ. ಶಾಲೆಯ ಅವಧಿ, ಅಂಗನವಾಡಿಯ ಜಾಗ, ಅಧಿಕಾರಿಗಳ ಗಮನ ಇವೆಲ್ಲ ಒಂದು ಸಂಸ್ಥೆಯ ಕೈಗೆ ಹೋದಾಗ, ಆಗದ ಕೆಲಸದ ಬೆಲೆ ತೆರೋದು ದಾನಿ ಅಲ್ಲ, ಮತ್ತೆ ಬಾರದ ಒಂದು ವರ್ಷ ಕಳೆದುಕೊಳ್ಳುವ ಆ ಮಗು. ಆಕೆಯ ಪರವಾಗಿ ಪ್ರಶ್ನೆ ಕೇಳುವ ಅವಕಾಶ ಸದ್ಯಕ್ಕೆ ಹೆಚ್ಚಾಗಿ ಇರೋದು ದುಡ್ಡು ಕೊಡುವವರಿಗೆ. ದುಡ್ಡಿನ ಜೊತೆ ಆ ಪ್ರಶ್ನೆಯನ್ನೂ ಕಳಿಸಿ.