ಬಳಪದ ಕಲ್ಲು, ಬೆಂಕಿಯ ಬೆಟ್ಟ



ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಜಾವಾ ದ್ವೀಪದಿಂದ ಪತ್ರ ಬರೆದಿದ್ದಾನೆ. ಉದ್ಯೋಗ ನಿಮಿತ್ತ ಅಲ್ಲಿಗೆ ಹೋದವನು ರಜೆಯ ದಿನ ಬ್ರೋಮೋ ಎಂಬ ಜ್ವಾಲಾಮುಖಿಯನ್ನು ಹತ್ತಿ ಬಂದನಂತೆ. ನಸುಕಿನ ಚಳಿ, ಬೂದಿ ಹರಡಿದ ಬಯಲು, ಶಿಖರದ ಅಂಚಿಗೆ ಏರಿಸುವ 250ರಷ್ಟು ಮೆಟ್ಟಿಲು, ಬೆಟ್ಟದ ಬಾಯಿಂದ ಏಳುತ್ತಿದ್ದ ಗಂಧಕದ ಹೊಗೆ ಎಲ್ಲವನ್ನೂ ಚೆನ್ನಾಗಿ ವರ್ಣಿಸಿದ್ದಾನೆ. ಕೊನೆಗೆ ಒಂದು ಮಾತು ಸೇರಿಸಿದ್ದಾನೆ: "ನಮ್ಮ ಕಡೆ ಬೆಂಕಿಯ ಬೆಟ್ಟಗಳಿಲ್ಲವೆಂದು ತಾವೇ ಪಾಠದಲ್ಲಿ ಹೇಳಿದ್ದಿರಿ, ಮೇಷ್ಟ್ರೇ."

ಹೇಳಿದ್ದು ನಿಜ. ಭೂಗೋಳದ ಆ ಪಾಠ ಬಂದಾಗಲೆಲ್ಲ ವೆಸೂವಿಯಸ್, ಫ್ಯೂಜಿ, ಕ್ರಕಟೋವಾ ಎಂದು ಹೆಸರುಗಳನ್ನು ಬರೆಸಿ, "ನಮ್ಮಲ್ಲಿ ಇಂಥದ್ದು ಇಲ್ಲ" ಎಂದು ಒಂದೇ ವಾಕ್ಯದಲ್ಲಿ ಮುಗಿಸುತ್ತಿದ್ದೆ. ವರ್ಷಗಟ್ಟಲೆ ಹಾಗೆಯೇ ಮುಗಿಸಿದೆ. ಅದು ಸುಳ್ಳಲ್ಲ, ಆದರೆ ಅರ್ಧ ಸತ್ಯ. ನಿವೃತ್ತಿಯ ನಂತರದ ಓದಿನಲ್ಲಿ ತಿಳಿದ ಉಳಿದರ್ಧವನ್ನು ಇಂದು ತಮ್ಮೆದುರು ಇಡುವುದು ನನ್ನ ಕರ್ತವ್ಯವೆಂದು ಭಾವಿಸಿದ್ದೇನೆ.

ಮೊದಲು ಆ ಬ್ರೋಮೋ ಬೆಟ್ಟದ ವಿಷಯ. ಪೂರ್ವ ಜಾವಾದಲ್ಲಿರುವ ಈ ಬೆಟ್ಟದ ಎತ್ತರ 2329 ಮೀಟರ್. ಬ್ರೋಮೋ ಎಂಬುದು ನಮ್ಮ ಬ್ರಹ್ಮನ ಹೆಸರೇ ಎನ್ನುತ್ತಾರೆ. ಸುತ್ತಲಿನ ಹಳ್ಳಿಗಳಲ್ಲಿ ತೆಂಗೆರ್ ಎಂಬ ಜನ ವಾಸಿಸುತ್ತಾರೆ. ಬಹುಸಂಖ್ಯಾತ ಮುಸ್ಲಿಮರ ನಡುವೆ ಹಿಂದೂ ಆಚರಣೆಗಳನ್ನು ಉಳಿಸಿಕೊಂಡು ಬಂದಿರುವ ಸಣ್ಣ ಸಮುದಾಯ ಅದು. ಅವರ ಐತಿಹ್ಯದಂತೆ ಮಕ್ಕಳಿಲ್ಲದ ದಂಪತಿಗಳೊಬ್ಬರು ತಮಗೆ ಸಂತಾನವಾದರೆ ಕೊನೆಯ ಮಗುವನ್ನು ಬೆಟ್ಟಕ್ಕೆ ಅರ್ಪಿಸುವುದಾಗಿ ಹರಕೆ ಹೊತ್ತರು. ಆ ಮಗು ಬೆಂಕಿಗೆ ಹೋಗುವಾಗ, ಪ್ರತಿ ವರ್ಷ ತನ್ನ ಹೆಸರಿನಲ್ಲಿ ಕಾಣಿಕೆ ಸಲ್ಲಿಸಿರೆಂದು ಬಂಧುಗಳನ್ನು ಕೇಳಿಕೊಂಡಿತು. ಅಂದಿನಿಂದ ಕಸಾಡ ಮಾಸದ ಹುಣ್ಣಿಮೆಯ ವೇಳೆಗೆ ಅವರು ತರಕಾರಿ, ಹಣ್ಣು, ಕೋಳಿ, ಹಣವನ್ನು ಬೆಟ್ಟದ ಬಾಯಿಗೆ ಎಸೆಯುತ್ತಾರೆ. ಒಳ ಇಳಿಜಾರಿನಲ್ಲಿ ಬಲೆ ಹಿಡಿದು ನಿಂತ ಬಡವರು ಅದರಲ್ಲಿ ಎಷ್ಟೋ ಪಾಲನ್ನು ಹಿಡಿದುಕೊಳ್ಳುತ್ತಾರೆ. ಅದಕ್ಕೆ ಯಾರೂ ಬೇಸರಪಡುವುದಿಲ್ಲ. ದೇವರ ಬೆಟ್ಟವೆಂದರೆ ಬರೀ ಕಲ್ಲು ಬೆಂಕಿಯಲ್ಲ, ಸುತ್ತಲಿನ ಜನ ವರ್ಷವರ್ಷವೂ ನಡೆಸಿಕೊಂಡು ಬರುವ ಒಂದು ಒಪ್ಪಂದ ಎಂಬುದು ಇದರಿಂದ ತಿಳಿಯುತ್ತದೆ.

ಈಗ ನಮ್ಮ ಊರಿಗೆ ಬರೋಣ.

ಹಾಸನದಿಂದ ಅರಕಲಗೂಡಿನ ಕಡೆಗೆ ಹೋಗುವಾಗ ಹೊಲಗಳ ನಡುವೆ ಬಿಳಿ, ಕಪ್ಪು ಪಟ್ಟೆಗಳುಳ್ಳ ಬಂಡೆಗಳನ್ನು ತಾವೆಲ್ಲ ಕಂಡಿದ್ದೀರಿ. ಭೂವಿಜ್ಞಾನಿಗಳು ಇದನ್ನು ನೈಸ್ ಶಿಲೆ ಎನ್ನುತ್ತಾರೆ. ಗೊರೂರಿನ ಸುತ್ತಣ ಈ ಶಿಲೆಯ ವಯಸ್ಸು ಸುಮಾರು 330 ಕೋಟಿ ವರ್ಷ ಎಂದು ಲೆಕ್ಕ ಹಾಕಿದ್ದಾರೆ. ಈ ನೈಸ್ ಶಿಲೆಯ ನಡುವೆ ಎರಡು ವಿಶೇಷ ಶಿಲಾಪಟ್ಟಿಗಳು ಹಾದುಹೋಗಿವೆ. ಒಂದಕ್ಕೆ ಹೊಳೆನರಸೀಪುರದ ಹೆಸರು, ಇನ್ನೊಂದಕ್ಕೆ ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಯ ಹೆಸರು. ಪ್ರಪಂಚದ ಭೂವಿಜ್ಞಾನ ಗ್ರಂಥಗಳಲ್ಲಿ ನಮ್ಮ ಈ ಎರಡು ಊರುಗಳ ಹೆಸರು ಅಚ್ಚಾಗಿರುವುದು ಈ ಪಟ್ಟಿಗಳಿಂದಾಗಿ. ಏಕೆಂದರೆ ಇವುಗಳಲ್ಲಿ 300 ಕೋಟಿ ವರ್ಷಗಳಿಗೂ ಹಿಂದೆ ಉಕ್ಕಿದ ಲಾವಾರಸ ಕಲ್ಲಾಗಿ ಉಳಿದಿದೆ.

ಅದು ಈಗಿನ ಜ್ವಾಲಾಮುಖಿಗಳು ಉಗುಳುವಂಥ ಲಾವಾರಸವೂ ಅಲ್ಲ. ಇಂದಿನ ಲಾವಾರಸದ ಶಾಖ ಸಾಮಾನ್ಯವಾಗಿ 1200 ಡಿಗ್ರಿ ಸೆಲ್ಸಿಯಸ್ ಒಳಗೇ ಇರುತ್ತದೆ. ಅಂದಿನದು ಸುಮಾರು 1600 ಡಿಗ್ರಿಯದು. ಎಣ್ಣೆಯಂತೆ ತೆಳ್ಳಗೆ ಹರಿಯುತ್ತಿದ್ದದ್ದು. ಆಗಿನ ಭೂಮಿಯ ಒಡಲು ಈಗಿಗಿಂತ ಬಿಸಿಯಾಗಿತ್ತು. ಈ ಜಾತಿಯ ಶಿಲೆಯನ್ನು 1969ರಲ್ಲಿ ದಕ್ಷಿಣ ಆಫ್ರಿಕದ ಕೊಮಾಟಿ ನದಿಯ ದಡದಲ್ಲಿ ಗುರುತಿಸಿ 'ಕೊಮಾಟೈಟ್' ಎಂದು ಹೆಸರಿಟ್ಟರು. ಅದರ ಬಂಧುಗಳು ಹೇಮಾವತಿಯ ದಡದಲ್ಲಿಯೂ ಇದ್ದಾರೆ ಎನ್ನಬಹುದು. ನುಗ್ಗೇಹಳ್ಳಿಯ ಪಟ್ಟಿಯಲ್ಲಿ ಬೈರಾಪುರದ ನೆಲದಿಂದ ತೆಗೆದ ಕ್ರೋಮೈಟ್ ಅದಿರು ಕೂಡ ಆ ಕಾಲದ ಶಿಲಾರಸದಿಂದಲೇ ಬೇರ್ಪಟ್ಟು ತಳದಲ್ಲಿ ನಿಂತದ್ದು.

ಇಂಥ ಶಿಲೆ ಭೂಮಿಯೊಳಗೆ ನೀರು, ಒತ್ತಡ, ಶಾಖಗಳಿಗೆ ಸಿಕ್ಕಿ ಕೋಟ್ಯಂತರ ವರ್ಷ ಕಳೆದರೆ ಮೆತ್ತಗಾಗುತ್ತದೆ; ಉಗುರಿನಿಂದ ಗೀರಬಹುದಾದ ಬಳಪದ ಕಲ್ಲಾಗುತ್ತದೆ. ಮಕ್ಕಳೇ, ಸ್ಲೇಟಿನ ಮೇಲೆ ತಾವು ಅ ಆ ಇ ಈ ತಿದ್ದಿದ ಬಳಪ ಅದೇ ಜಾತಿಯ ಕಲ್ಲು. ನಾನು ಕೈಯಲ್ಲಿ ಬಳಪ ಹಿಡಿದೇ "ನಮ್ಮಲ್ಲಿ ಬೆಂಕಿಯ ಬೆಟ್ಟವಿಲ್ಲ" ಎಂದು ಪಾಠ ಹೇಳಿದವನು. ಈಗ ನೆನೆದರೆ ನಗುವೂ ಬರುತ್ತದೆ, ನಾಚಿಕೆಯೂ ಆಗುತ್ತದೆ.

ನಮ್ಮ ಹಿರಿಯರಿಗೆ ಭೂವಿಜ್ಞಾನ ತಿಳಿದಿರಲಿಲ್ಲ, ಆದರೆ ಕಲ್ಲಿನ ಗುಣ ತಿಳಿದಿತ್ತು. ಹೊಯ್ಸಳ ಶಿಲ್ಪಿಗಳು ಬೇಲೂರು, ಹಳೇಬೀಡುಗಳಲ್ಲಿ ಕಡೆದದ್ದು ಬಳಪದ ಕಲ್ಲನ್ನೇ. ನುಗ್ಗೇಹಳ್ಳಿಯ ಲಕ್ಷ್ಮೀನರಸಿಂಹ ದೇಗುಲವೂ ಅದೇ ಕಲ್ಲಿನದು. 1246ರಲ್ಲಿ ಬೊಮ್ಮಣ್ಣ ದಂಡನಾಯಕ ಅದನ್ನು ಕಟ್ಟಿಸಿದ. ಬೈಚೋಜ, ಮಲ್ಲಿತಮ್ಮ ಎಂಬ ಶಿಲ್ಪಿಗಳು ಅಲ್ಲಿ ತಮ್ಮ ಹೆಸರು ಬಿಟ್ಟುಹೋಗಿದ್ದಾರೆ. ಅಂತೂ ಉಗ್ರ ನರಸಿಂಹನನ್ನು ಶಾಂತನಾಗಿಸಿ ಲಕ್ಷ್ಮಿಯೊಡನೆ ಕೂರಿಸಿದ ಆ ಊರು ನಿಂತಿರುವುದು ತಣ್ಣಗಾದ ಲಾವಾರಸದ ಪಟ್ಟಿಯ ಮೇಲೆ.

ಹಾಗಾದರೆ ಹತ್ತುವ ಬೆಟ್ಟ ಯಾವುದು? ಅದೇ ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದ ದೊಡ್ಡಬೆಟ್ಟ. ಸಮುದ್ರಮಟ್ಟದಿಂದ 3347 ಅಡಿ, ಊರಿನ ನೆಲದಿಂದ 470 ಅಡಿ. ಇದು ಜ್ವಾಲಾಮುಖಿಯಲ್ಲ, ಎಂದೂ ಆಗಿರಲೂ ಇಲ್ಲ. ಭೂಮಿಯ ಆಳದಲ್ಲಿ ಕರಗಿದ ಶಿಲಾರಸ ಮೇಲೆ ಉಕ್ಕದೆ ಒಳಗೇ ನಿಧಾನವಾಗಿ ಆರಿ ಗ್ರಾನೈಟ್ ಆಯಿತು. ಮೇಲಿನ ಮಣ್ಣು, ಕಲ್ಲುಗಳು ಸವೆದುಹೋದ ಮೇಲೆ ಹೊರಗೆ ಕಾಣಿಸಿತು. ಉಕ್ಕಿದ ಬೆಂಕಿ ಬಳಪದ ಕಲ್ಲಾದರೆ, ಒಳಗೇ ತಡೆದುಕೊಂಡ ಬೆಂಕಿ ಗೊಮ್ಮಟನ ಕಲ್ಲಾಯಿತು. ಎಲ್ಲವನ್ನೂ ಗೆದ್ದು ಎಲ್ಲವನ್ನೂ ಬಿಟ್ಟು ನಿಂತ ಬಾಹುಬಲಿಗೆ ಇದಕ್ಕಿಂತ ತಕ್ಕ ಕಲ್ಲು ಸಿಕ್ಕುತ್ತಿರಲಿಲ್ಲ.

ಪಾದರಕ್ಷೆಗಳನ್ನು ಕೆಳಗೇ ಬಿಟ್ಟು, ಬಂಡೆಯಲ್ಲೇ ಕಡಿದ ಆರು ನೂರಕ್ಕೂ ಹೆಚ್ಚು ಮೆಟ್ಟಿಲುಗಳನ್ನು ಬರಿಗಾಲಿನಲ್ಲಿ ಹತ್ತಬೇಕು. ಬಿಸಿಲೇರಿದ ಮೇಲೆ ಹತ್ತಿದವರಿಗೆ ಆ ಕಲ್ಲಿನ ಕಾವು ಗೊತ್ತು. ನಡೆಯಲಾರದ ಮುದುಕರನ್ನು ಡೋಲಿಯಲ್ಲಿ ಹೊತ್ತು ಮೇಲೇರಿಸುವವರು ಅಲ್ಲಿದ್ದಾರೆ. ಮೇಲೆ ಗಂಗರ ಮಂತ್ರಿ ಚಾವುಂಡರಾಯ ಸುಮಾರು 981ರಲ್ಲಿ ನಿಲ್ಲಿಸಿದ 57 ಅಡಿಗಳ ಮೂರ್ತಿ. ಎದುರಿನ ಚಿಕ್ಕಬೆಟ್ಟದಲ್ಲಿ ಅದಕ್ಕೂ ಹಳೆಯ ಶಾಸನಗಳು. ಲೂಯಿಸ್ ರೈಸ್ 1889ರಲ್ಲಿ ಬೆಳಗೊಳದ 144 ಶಾಸನಗಳನ್ನು ಪ್ರಕಟಿಸಿದ. ಆರ್. ನರಸಿಂಹಾಚಾರ್ಯರು 1923ರಲ್ಲಿ ಆ ಸಂಖ್ಯೆಯನ್ನು 500ಕ್ಕೆ ಏರಿಸಿದರು. 1973ರ ಆವೃತ್ತಿಯಲ್ಲಿ ಅದು 573 ಆಯಿತು.

ಈ ಬೆಟ್ಟ ಯಾರದು? ಕಟ್ಟಿಸಿದ ಮಂತ್ರಿಯದೇ? ಗುಳ್ಳಕಾಯಜ್ಜಿಯ ಕಥೆಯನ್ನು ತಮಗೆ ಹೇಳಿದ್ದೇನೆ. ಚಾವುಂಡರಾಯ ಕೊಡಗಟ್ಟಲೆ ಹಾಲೆರೆದರೂ ಅಭಿಷೇಕ ಮೂರ್ತಿಯ ತೊಡೆಯಿಂದ ಕೆಳಗಿಳಿಯಲಿಲ್ಲ. ಬಡ ಮುದುಕಿಯೊಬ್ಬಳು ಗುಳ್ಳದ ಕಾಯಿಯ ಓಡಿನಲ್ಲಿ ತಂದ ಹಾಲು ಪಾದ ಮುಟ್ಟಿತು ಎಂಬ ಕಥೆ. ಅದು ಐತಿಹ್ಯವಿರಬಹುದು. ಆದರೆ ಆ ಅಜ್ಜಿಯ ವಿಗ್ರಹವನ್ನು ಗೊಮ್ಮಟನಿಗೆ ಎದುರಾಗಿಯೇ ನಿಲ್ಲಿಸಿದ್ದಾರೆ. ಸುತ್ತಲಿನ ಸಾಮಾನ್ಯರ ಪಾಲಿಲ್ಲದೆ ಬೆಟ್ಟದ ಪೂಜೆ ಪೂರ್ತಿಯಾಗದೆಂದು ನಮ್ಮವರೇ ಕಲ್ಲಿನಲ್ಲಿ ಒಪ್ಪಿಕೊಂಡಂತಾಯಿತು.

ಐತಿಹ್ಯ ಸಾಲದೆಂದರೆ ಇತಿಹಾಸವೇ ಇದೆ. ಊರಿನೊಳಗಿನ ಭಂಡಾರಿ ಬಸದಿಯನ್ನು ಹೊಯ್ಸಳ ಒಂದನೆಯ ನರಸಿಂಹನ ಭಂಡಾರಿ ಹುಳ್ಳರಾಜ 1159ರಲ್ಲಿ ಕಟ್ಟಿಸಿದ. ಅಲ್ಲಿ 1368ರ ಒಂದು ಶಾಸನವಿದೆ. ವಿಜಯನಗರದ ಬುಕ್ಕರಾಯನ ಕಾಲದಲ್ಲಿ ಜೈನರಿಗೂ ಶ್ರೀವೈಷ್ಣವರಿಗೂ ವಿವಾದ ಹುಟ್ಟಿತು. ಜೈನರು ತಮಗೆ ಅನ್ಯಾಯವಾಗುತ್ತಿದೆಯೆಂದು ದೊರೆಗೆ ದೂರು ಕೊಟ್ಟರು. ಬುಕ್ಕರಾಯ ಶ್ರೀರಂಗ, ತಿರುಮಲೆ, ಕಂಚಿ, ಮೇಲುಕೋಟೆಗಳ ವೈಷ್ಣವ ಪ್ರಮುಖರನ್ನು ಸೇರಿಸಿ, ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟು, ಎರಡು ದರ್ಶನಗಳಿಗೂ ಭೇದವಿಲ್ಲ, ಜೈನರಿಗೆ ಪಂಚಮಹಾವಾದ್ಯ, ಕಲಶಗಳ ಹಕ್ಕು ಹಿಂದಿನಂತೆ ಸಲ್ಲುತ್ತದೆ ಎಂದು ತೀರ್ಪಿತ್ತ.

ತೀರ್ಪಿಗಿಂತ ನನಗೆ ದೊಡ್ಡದಾಗಿ ಕಾಣುವುದು ಅದನ್ನು ಉಳಿಸಲು ಮಾಡಿದ ಏರ್ಪಾಡು. ರಾಜ್ಯದ ಜೈನರು ಮನೆಗೆ ವರ್ಷಕ್ಕೊಂದು ಹಣ ಕೊಡಬೇಕು. ಅದನ್ನು ಸಂಗ್ರಹಿಸುವವನು ತಿರುಮಲೆಯ ತಾತಯ್ಯ, ಅಂದರೆ ವೈಷ್ಣವ. ಅದರಲ್ಲಿ ಬೆಳಗೊಳದ ದೇವರ ಅಂಗರಕ್ಷಣೆಗೆ 20 ಆಳುಗಳನ್ನು ನೇಮಿಸಬೇಕು. ಮಿಕ್ಕ ಹಣದಿಂದ ಜೀರ್ಣವಾದ ಜಿನಾಲಯಗಳಿಗೆ ಸುಣ್ಣ ಹೊಡೆಸಬೇಕು. ಯಾರ ಮೇಲೆ ದೂರಿತ್ತೋ ಅವರ ಕೈಗೇ ಕಾವಲನ್ನು ಒಪ್ಪಿಸಿದ ಜಾಣ್ಮೆ ಅದು. ಒಂದೇ ದಿನದ ಸಮಾಧಾನ ಸಾಲದು, ವರ್ಷವರ್ಷವೂ ಹಣ ಸೇರಬೇಕು, ಸುಣ್ಣ ಬೀಳಬೇಕು ಎಂಬ ಅರಿವೂ ಅದರಲ್ಲಿದೆ.

ತೆಂಗೆರ್ ಜನ ಉರಿಯುವ ಬೆಟ್ಟವನ್ನು ಕಾಣಿಕೆಯಿಂದ ಶಾಂತವಾಗಿಡುತ್ತಾರೆ. ನಮ್ಮ ನೆಲದ ಬೆಂಕಿ 300 ಕೋಟಿ ವರ್ಷಗಳ ಹಿಂದೆಯೇ ಆರಿತು. ಮನುಷ್ಯರ ನಡುವಣ ಬೆಂಕಿ ಹಾಗಲ್ಲ. ಅದು 1368ರಲ್ಲಿ ಹೊತ್ತಿತ್ತು, ಎಂದು ಬೇಕಾದರೂ ಹೊತ್ತಬಲ್ಲದು. ಅದನ್ನು ಆರಿಸಿಡುವ ಕೆಲಸಕ್ಕೆ ನಿವೃತ್ತಿಯಿಲ್ಲ.

ಹನ್ನೆರಡು ವರ್ಷಗಳಿಗೊಮ್ಮೆ ನಡೆಯುವ ಮಹಾಮಸ್ತಕಾಭಿಷೇಕ 2006ರಲ್ಲಿ, 2018ರಲ್ಲಿ ನಡೆಯಿತು. ಮುಂದಿನದು ಕ್ರಮದಂತೆ 2030ರಲ್ಲಿ. ಅಲ್ಲಿಯವರೆಗೂ ಕಾಯಬೇಡಿ. ಊರಿಗೆ ಬಂದಾಗ ಮಕ್ಕಳನ್ನು ಕರೆದುಕೊಂಡು ಹೋಗಿ. ಬೆಟ್ಟ ಹತ್ತಿದ ಮೇಲೆ ಕೆಳಗಿಳಿದು ಭಂಡಾರಿ ಬಸದಿಯ ಆ ಶಾಸನದ ಕಲ್ಲನ್ನೂ ತೋರಿಸಿ. ಹಿಂದಿರುಗುವಾಗ ನುಗ್ಗೇಹಳ್ಳಿಗೆ ಹೋಗಿ ಬನ್ನಿ. "ನಮ್ಮಲ್ಲಿ ಬೆಂಕಿಯ ಬೆಟ್ಟವಿಲ್ಲ" ಎಂದು ಬರೆಸಿದ ವಾಕ್ಯ ಯಾರ ನೋಟ್ ಪುಸ್ತಕದಲ್ಲಾದರೂ ಉಳಿದಿದ್ದರೆ, ಅದರ ಮುಂದೆ "ಇತ್ತು" ಎಂದು ತಿದ್ದಿಕೊಳ್ಳಿ. ತಡವಾಗಿ ತಿದ್ದಿಸಿದ್ದಕ್ಕೆ ಮೇಷ್ಟ್ರನ್ನು ಕ್ಷಮಿಸಿ.