ದಹುಮ್ ತರಗತಿಯ ಮೂವರು

ಕೃಷ್ಣೆ ತುಂಗಭದ್ರೆಯರ ನಡುವಣ ನಮ್ಮ ಎಡೆದೊರೆ ನಾಡಿಗೆ ಯುದ್ಧವೆಂಬುದು ಹೊಸದಲ್ಲ. ಬಹಮನಿಯವರೂ ವಿಜಯನಗರದವರೂ ಈ ನೆಲಕ್ಕಾಗಿ ತಲೆಮಾರುಗಳ ಕಾಲ ಹೊಡೆದಾಡಿದರು. 1294ರಲ್ಲಿ ಕಾಕತೀಯರ ಸೇನಾನಿ ಗೋರೆ ಗಂಗಯ್ಯ ಕಟ್ಟಿಸಿದ ರಾಯಚೂರಿನ ಕೋಟೆ ಅನಂತರ ಎಷ್ಟು ಮಂದಿ ಒಡೆಯರನ್ನು ಕಂಡಿತೋ! 1520ರಲ್ಲಿ ಕೃಷ್ಣದೇವರಾಯನು ಆದಿಲಶಾಹಿಯನ್ನು ಸೋಲಿಸಿ ಅದನ್ನು ಗೆದ್ದ ಕಥೆ ನಮ್ಮ ಪ್ರೌಢಶಾಲೆಯ ಮಕ್ಕಳಿಗೆ ಬಾಯಿಪಾಠ. ಆದರೆ ಅದೇ ಕೋಟೆಯ ನೆರಳಿನಲ್ಲಿ, ಅದೇ ವಯಸ್ಸಿನ ಹುಡುಗರು 1948ರಲ್ಲಿ ಪಾಟೀಚೀಲ ಹೆಗಲಿಗೇರಿಸಿಕೊಂಡು ಯುದ್ಧದ ದಾರಿ ಕಾಯುತ್ತಿದ್ದರೆಂಬುದನ್ನು ಅವರಿಗೆ ಯಾರೂ ಹೇಳಿಲ್ಲ. ಪಠ್ಯಪುಸ್ತಕದಲ್ಲಿ ಹೈದರಾಬಾದಿನ ವಿಮೋಚನೆಗೆ ದೊರಕುವುದು ಕೆಲವು ಸಾಲು ಮಾತ್ರ. ಆ ಸಾಲುಗಳಲ್ಲಿ ಸರದಾರ ಪಟೇಲರಿದ್ದಾರೆ, ನಿಜಾಮರಿದ್ದಾರೆ, ಖಾಸಿಂ ರಜ್ವಿ ಇದ್ದಾನೆ. ಹತ್ತನೆಯ ತರಗತಿಯ ಹುಡುಗನಿಲ್ಲ.

ಆ ಹುಡುಗನನ್ನು ನಾನು ಬಲ್ಲೆ. ಆತ ನನ್ನ ಸೋದರಮಾವ. ದೇವದುರ್ಗ ತಾಲ್ಲೂಕಿನ ಒಂದು ಹಳ್ಳಿಯ ಒಕ್ಕಲು ಮನೆತನದವನು. ಮೇಲ್ತರಗತಿಯ ಓದಿಗೆಂದು ಮೂವತ್ತು ಮೈಲಿ ದೂರದ ರಾಯಚೂರಿಗೆ ಬಂದು, ಕೋಣೆ ಹಿಡಿದು, ಕೈಯಡಿಗೆ ಮಾಡಿಕೊಂಡು ಓದಿದವನು. ಕೋಣೆಯ ಜೊತೆಗಾರ ಮಾನ್ವಿಯ ಕಡೆಯವನು. ಶಾಲೆಯಲ್ಲಿ ಇವರಿಬ್ಬರ ನಡುವೆ ಕೂಡುತ್ತಿದ್ದವನು ರಾಯಚೂರಿನ ಗುಮಾಸ್ತರೊಬ್ಬರ ಮಗ, ಮುಸಲ್ಮಾನರ ಹುಡುಗ. ಮೂವರೂ ಈಗಿಲ್ಲ. ನಾನು ಹೇಳುವುದರಲ್ಲಿ ಅರ್ಧ ಚರಿತ್ರೆಯ ಗ್ರಂಥಗಳಿಂದ ತಿಳಿದದ್ದು. ಉಳಿದರ್ಧ ಬೇಸಿಗೆ ರಜೆಯಲ್ಲಿ ಮಾವನ ಮನೆಯ ಕಟ್ಟೆಯ ಮೇಲೆ ಕೇಳಿದ್ದು.

ಆಗಿನ ಶಾಲೆಯ ಚಿತ್ರ ಇಂದಿನವರಿಗೆ ಸುಲಭವಾಗಿ ಕಣ್ಣಿಗೆ ಕಟ್ಟುವುದಿಲ್ಲ. ಪ್ರಾಥಮಿಕ ಶಾಲೆಗೆ ತಹತಾನಿಯಾ ಎಂದು ಹೆಸರು, ಮಾಧ್ಯಮಿಕಕ್ಕೆ ವಸ್ತಾನಿಯಾ, ಪ್ರೌಢಶಾಲೆಗೆ ಫೌಖಾನಿಯಾ. ಹತ್ತನೆಯ ತರಗತಿಯೆಂದರೆ ದಹುಮ್. ವರ್ಷವನ್ನು ಫಸಲಿಯಲ್ಲಿ ಎಣಿಸುತ್ತಿದ್ದರು. 1948 ಎಂದು ನಾವು ಬರೆಯುವಲ್ಲಿ ಅವರ ಹಾಜರಿ ಪುಸ್ತಕದಲ್ಲಿ 1357 ಎಂದಿರುತ್ತಿತ್ತು. ಫೀಜನ್ನು ಹಾಲಿ ಸಿಕ್ಕಾ ರೂಪಾಯಿಯಲ್ಲಿ ಕಟ್ಟಬೇಕು. ಹೊಳೆ ದಾಟಿ ಆದವಾನಿಗೆ ಹೋದರೆ ಅಲ್ಲಿ ಕಲ್ದಾರ ರೂಪಾಯಿ. ಎಲ್ಲಕ್ಕಿಂತ ಮುಖ್ಯವಾಗಿ, ಪಾಠ ನಡೆಯುತ್ತಿದ್ದುದು ಉರ್ದುವಿನಲ್ಲಿ. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯ ಉರ್ದುವನ್ನೇ ಬೋಧನ ಭಾಷೆಯಾಗಿ ಆರಿಸಿಕೊಂಡಿತು. ಅದಕ್ಕೆ ಅಣಿಮಾಡುವ ಶಾಲೆಗಳೂ ಅದೇ ದಾರಿ ಹಿಡಿದವು. ಸಂಸ್ಥಾನದಲ್ಲಿ ಅರ್ಧದಷ್ಟು ಜನ ತೆಲುಗರು, ಕಾಲುಭಾಗ ಮರಾಠಿಗರು, ನೂರಕ್ಕೆ ಹನ್ನೊಂದು ಹನ್ನೆರಡು ಮಂದಿ ಕನ್ನಡಿಗರು. ಉರ್ದುವನ್ನು ಮನೆಯಲ್ಲಿ ಆಡುವವರು ಕನ್ನಡಿಗರಿಗಿಂತ ಹೆಚ್ಚೇನೂ ಇರಲಿಲ್ಲ.

ತ್ರಿಭುಜಕ್ಕೆ ಮುಸಲ್ಲಸ್ ಎನ್ನಬೇಕು, ಕೋನಕ್ಕೆ ಝಾವಿಯಾ. ಬೀಜಗಣಿತ ಜಬ್ರೊ ಮುಕಾಬಲಾ. ಸಮದ್ವಿಬಾಹು ತ್ರಿಭುಜಕ್ಕೆ ಮುತಸಾವಿಯುಸ್ಸಾಖೈನ್ ಎಂಬ ಹೆಸರು. ಹಳ್ಳಿಯ ಹುಡುಗನ ನಾಲಗೆಗೆ ಅದು ಜೋಳದ ತೆನೆಯ ಸುಂಕು ಅಂಟಿದ ಹಾಗೆ! ಕನ್ನಡ ಪಂಡಿತನಾದ ನಾನು ಇಲ್ಲಿ ಒಂದು ಮಾತು ಒಪ್ಪಿಕೊಳ್ಳಬೇಕು. ‘ಸಮದ್ವಿಬಾಹು’ ಎಂಬುದು ಕೂಡ ಅದೇ ಹಳ್ಳಿಯ ಹುಡುಗನಿಗೆ ಅವ್ವನ ಮಾತೇನಲ್ಲ. ಆದರೆ ಅದು ತಪ್ಪಿದರೆ ಕೇಳಿ ತಿಳಿಯಲು ಊರಿನಲ್ಲಿ ಒಬ್ಬ ಶಾಸ್ತ್ರಿಯೋ ಅಯ್ಯನವರೋ ಇರುತ್ತಿದ್ದರು. ಮುಸಲ್ಲಸ್ ತಪ್ಪಿದರೆ ಯಾರನ್ನು ಕೇಳುವುದು? ಮಾವನ ಪಾಲಿಗೆ ಆ ‘ಯಾರು’ ಎಂದರೆ ಪಕ್ಕದಲ್ಲಿ ಕೂತ ಗುಮಾಸ್ತರ ಮಗ. ಅವನು ರೇಖಾಗಣಿತ ಹೇಳಿಕೊಟ್ಟ. ಮಾನ್ವಿಯವನು ಅವನಿಗೆ ಈಜು ಕಲಿಸಿದ. ಮಾವ ಮನೆಯಿಂದ ತಂದ ಶೇಂಗಾ ಹಿಂಡಿ, ಕಟಿ ರೊಟ್ಟಿಯಲ್ಲಿ ಮೂವರಿಗೂ ಪಾಲು. ಹೀಗೆ ನಡೆದಿತ್ತು.

ಕನ್ನಡದ ದೀಪ ಆಗ ಪೂರ್ತಿ ಆರಿತ್ತೆಂದು ಹೇಳಿದರೆ ಹಿರಿಯರಿಗೆ ಅನ್ಯಾಯವಾದೀತು. ಕಲಬುರ್ಗಿಯಲ್ಲಿ 1907ರಿಂದ ನೂತನ ವಿದ್ಯಾಲಯವಿತ್ತು. ರಾಯಚೂರಿನಲ್ಲಿ 1920ರ ಸುಮಾರಿಗೆ ಪಂಡಿತ ತಾರಾನಾಥರು ಹಮ್‌ದರ್ದ್ ಶಾಲೆಯನ್ನು ಸ್ಥಾಪಿಸಿದ್ದರು. ಹೆಸರು ಉರ್ದು, ಅರ್ಥ ಪರರ ನೋವಿನಲ್ಲಿ ಪಾಲುಗೊಳ್ಳುವುದು. ಆ ಹೆಸರಿನ ಆಯ್ಕೆಯಲ್ಲೇ ಅವರ ಮನಸ್ಸು ಕಾಣುತ್ತದೆ. 1934ರಲ್ಲಿ ಪಂಜೆ ಮಂಗೇಶರಾಯರ ಅಧ್ಯಕ್ಷತೆಯಲ್ಲಿ ಸಾಹಿತ್ಯ ಸಮ್ಮೇಳನ ರಾಯಚೂರಿನಲ್ಲೇ ನಡೆದಿತ್ತು. ಆದರೆ ಸಭೆ ಸೇರಲು ಅಪ್ಪಣೆ, ಖಾಸಗಿ ಶಾಲೆ ತೆರೆಯಲು ಅಪ್ಪಣೆ, ಎಲ್ಲಕ್ಕೂ ಅಪ್ಪಣೆ. ‘ಗಸ್ತಿ ನಿಶಾನ್ 53’ ಎಂದರೆ ಸಭೆಗಳನ್ನು ಕಟ್ಟಿಹಾಕಿದ ಸುತ್ತೋಲೆ. ಅದರ ಸಂಖ್ಯೆ ಮಾವನಿಗೆ ಕೊನೆಯವರೆಗೂ ನೆನಪಿತ್ತು.

ವಿದ್ಯಾರ್ಥಿಗಳು ತಲೆಯೆತ್ತಿದ್ದು 1938ರಲ್ಲಿ. ಉಸ್ಮಾನಿಯಾದ ವಸತಿನಿಲಯದಲ್ಲಿ ವಂದೇ ಮಾತರಂ ಹಾಡಿದ್ದಕ್ಕಾಗಿ ನೂರಾರು ಮಂದಿಯನ್ನು ಹೊರಹಾಕಿದರು. ಚಳವಳಿ ಕಲಬುರ್ಗಿಯ ಕಾಲೇಜಿಗೂ ಹಬ್ಬಿತು. ಹೊರಬಿದ್ದವರಲ್ಲಿ ಹಲವರಿಗೆ ನಾಗಪುರ ವಿಶ್ವವಿದ್ಯಾಲಯ ಬಾಗಿಲು ತೆರೆಯಿತು. ಮುಂದೆ ಪ್ರಧಾನಿಯಾದ ಪಿ. ವಿ. ನರಸಿಂಹರಾಯರು ಅವರಲ್ಲೊಬ್ಬರು. ಓದು ಬಿಟ್ಟರೂ ಓದು ಸಿಕ್ಕೀತು ಎಂಬ ಧೈರ್ಯ ಆಗ ಹುಟ್ಟಿತು. ಆದರೆ ಅದು ಕಾಲೇಜಿನ ಹುಡುಗರ ಧೈರ್ಯ. ದಹುಮ್ ಮುಗಿಸದ ಹುಡುಗನಿಗೆ ನಾಗಪುರವೆಲ್ಲಿ?

1947ರ ಜೂನ್‌ನಲ್ಲಿ ನಿಜಾಮರು ತಾವು ಯಾವ ಒಕ್ಕೂಟಕ್ಕೂ ಸೇರುವುದಿಲ್ಲವೆಂದು ಸಾರಿದರು. ಆಗಸ್ಟ್ 7ರಂದು ಸ್ವಾಮಿ ರಾಮಾನಂದ ತೀರ್ಥರ ಮುಂದಾಳುತನದಲ್ಲಿ ಸ್ಟೇಟ್ ಕಾಂಗ್ರೆಸ್ಸು ಸತ್ಯಾಗ್ರಹ ಹೂಡಿತು. ವಕೀಲರು ಕೋರ್ಟು ಬಿಡಿ, ವಿದ್ಯಾರ್ಥಿಗಳು ಶಾಲೆ ಬಿಡಿ ಎಂಬ ಕರೆ ಬಂತು. ಸಿಂದಗಿಯಲ್ಲಿ ಹುಟ್ಟಿದ ಈ ಸ್ವಾಮಿಗಳು ಹಿಂದೆ ಹಿಪ್ಪರಗಿಯ ರಾಷ್ಟ್ರೀಯ ಶಾಲೆಯಲ್ಲಿ ಮುಖ್ಯೋಪಾಧ್ಯಾಯರಾಗಿದ್ದವರು. ಮೇಷ್ಟರೇ ಶಾಲೆ ಬಿಡಿ ಎಂದು ಹೇಳಬೇಕಾಗಿ ಬಂದ ಕಾಲ ಅದು. ಆಗಸ್ಟ್ 15ರಂದು ದೇಶವೆಲ್ಲ ಬಾವುಟ ಹಾರಿಸಿದರೆ, ಇಲ್ಲಿ ಅದನ್ನು ಹಾರಿಸುವುದು ಅಪರಾಧ. ಆಗ ನಹುಮ್, ಅಂದರೆ ಒಂಬತ್ತನೆಯ ತರಗತಿಯಲ್ಲಿದ್ದ ಮಾವನೂ ಮಾನ್ವಿಯವನೂ ಆ ದಿನ ಶಾಲೆಗೆ ಹೋಗಲಿಲ್ಲ. ಗುಮಾಸ್ತರ ಮಗ ಹೋದ. ಸಂಜೆ ಬಂದು, “ಇವತ್ತಿನ ಪಾಠ ಬರಕೊಳ್ರಿ” ಎಂದು ತನ್ನ ನೋಟುಬುಕ್ಕನ್ನು ಇವರ ಮುಂದಿಟ್ಟ.

ನವೆಂಬರ್ 29ರಂದು ಯಥಾಸ್ಥಿತಿ ಒಪ್ಪಂದವಾಯಿತು. ಒಂದು ವರ್ಷ ನೆಮ್ಮದಿಯಾಗಿರಬಹುದೆಂದು ಹಿರಿಯರು ಅಂದುಕೊಂಡರು. ಆದರೆ ರಜಾಕಾರರ ದಂಡು ದಿನದಿನಕ್ಕೂ ಬೆಳೆಯಿತು. 1948ರ ಮೇ ತಿಂಗಳಲ್ಲಿ ಬೀದರ ಜಿಲ್ಲೆಯ ಗೋರ್ಟಾದ ಕೊಲೆಗಳ ಸುದ್ದಿ ಬಂತು. ಅದೇ ತಿಂಗಳ 22ರಂದು ಗಾಣಗಾಪುರ ನಿಲ್ದಾಣದಲ್ಲಿ ಮದರಾಸು-ಮುಂಬಯಿ ಮೇಲ್ ರೈಲಿನ ಮೇಲೆ ದಾಳಿಯಾಯಿತು. ಇದು ರಾಯಚೂರಿನ ಮೇಲೆ ಹಾದುಹೋಗುವ ರೈಲು. ಸಂಜೆ ನಿಲ್ದಾಣಕ್ಕೆ ಹೋಗಿ ಗಾಡಿ ನೋಡುವುದು ಶಾಲಾ ಹುಡುಗರ ನಿತ್ಯದ ವಿನೋದವಾಗಿತ್ತು. ಅಂದಿನಿಂದ ಅದು ನಿಂತಿತು. ಭಾರತದಿಂದ ಸಾಮಾನು ಬರುವುದು ಬಿಗಿಯಾಗಿ ಸೀಮೆ ಎಣ್ಣೆ ಸಿಗದಾಯಿತು. ಹುಡುಗರು ಹರಳೆಣ್ಣೆಯ ಹಣತೆಯಲ್ಲಿ ಓದಿದರು. ಸಿಡ್ನಿ ಕಾಟನ್ ಎಂಬ ವೈಮಾನಿಕ ಕರಾಚಿಯಿಂದ ಬೀದರ, ವರಂಗಲ್ಲುಗಳಿಗೆ ಗುಟ್ಟಾಗಿ ಶಸ್ತ್ರ ಸಾಗಿಸುತ್ತಿದ್ದುದು ಆಮೇಲೆ ತಿಳಿದ ಸಂಗತಿ. ಆಗ ಊರಲ್ಲಿ ವದಂತಿ ಮಾತ್ರ ಇತ್ತು. ಉಳ್ಳವರು ಒಬ್ಬೊಬ್ಬರಾಗಿ ಬಳ್ಳಾರಿ, ಆದವಾನಿ, ಗದಗಿಗೆ ಮಕ್ಕಳುಮರಿಗಳನ್ನು ಕಳಿಸಿದರು. ತರಗತಿಯ ಬೆಂಚುಗಳು ಬರಿದಾಗತೊಡಗಿದವು.

ಮಳೆಗಾಲ ಹಿಡಿಯುವ ಹೊತ್ತಿಗೆ ಮೂವರೂ ದಹುಮ್‌ನಲ್ಲಿದ್ದರು. ಒಂದು ರಾತ್ರಿ ಮಾನ್ವಿಯವನು ತಾನು ಹೋಗುತ್ತೇನೆಂದ. ಗಡಿಯಾಚೆ ಮುಂಬಯಿ ಪ್ರಾಂತದ ಮುಂಡರಗಿಯಲ್ಲಿ ಅಳವಂಡಿ ಶಿವಮೂರ್ತಿಸ್ವಾಮಿಗಳ ಶಿಬಿರ ನಡೆದಿತ್ತು, ಗಜೇಂದ್ರಗಡದಲ್ಲಿ ಇನ್ನೊಂದು. ಅಲ್ಲಿಂದ ತರುಣರು ಒಳನುಗ್ಗಿ ಕರೋಡಗಿರಿ ನಾಕೆಗಳನ್ನು, ಅಂದರೆ ಸುಂಕದ ಕಟ್ಟೆಗಳನ್ನು ಕೆಡವುತ್ತಿದ್ದರು, ರಜಾಕಾರರನ್ನು ಎದುರಿಸುತ್ತಿದ್ದರು. ಮಾವನಿಗೂ ಹೋಗುವ ಮನಸ್ಸು. ಆದರೆ ವಾರದ ಹಿಂದಷ್ಟೇ ಅಜ್ಜ ದೇವದುರ್ಗದಿಂದ ಬಂದು, “ಎರಡು ಎಕರೆ ಬರದುಕೊಟ್ಟು ನಿನ್ನ ಓದಸ್ಲಿಕ್ಹತ್ತೀನಿ ತಮ್ಮಾ, ಪರೀಕ್ಷೆ ಒಂದು ಕಟ್ಟು” ಎಂದು ಹೇಳಿ ಹೋಗಿದ್ದರು. ಒತ್ತೆಯಿಟ್ಟ ಹೊಲ ಒಂದು ಕಡೆ, ಗೆಳೆಯ ಒಂದು ಕಡೆ. ಮಾವ ಉಳಿದ. ಮಾನ್ವಿಯವನು ರಾತ್ರೋರಾತ್ರಿ ಹರಿಗೋಲಿನಲ್ಲಿ ತುಂಗಭದ್ರೆ ದಾಟಿ ಮದರಾಸು ಪ್ರಾಂತ ಸೇರಿದ. ಅಲ್ಲಿಂದ ಗದಗಿನ ರೈಲು ಹತ್ತುವ ಹಾಗಿರಲಿಲ್ಲ. ಆ ದಾರಿ ಕೊಪ್ಪಳದ ಬಳಿ ಮತ್ತೆ ನಿಜಾಮರ ನೆಲದಲ್ಲೇ ಹಾಯುತ್ತದೆ. ಸುತ್ತುಬಳಸಿ ನಡೆದೇ ಮುಂಡರಗಿ ಮುಟ್ಟಿದನಂತೆ.

ಉಳಿದದ್ದು ಸರಿಯೇ ಎಂದು ಮಾವನನ್ನು ಒಮ್ಮೆ ಕೇಳಿದೆ. ಆತ ಉತ್ತರ ಕೊಡಲಿಲ್ಲ, ಅಡಕೆ ಕತ್ತರಿಸುತ್ತ ಕೂತ. ನನಗೆ ತೋರುವುದಿಷ್ಟು: ಹೋದವರಿಗೆ ಆಮೇಲೆ ಪಿಂಚಣಿ, ತಾಮ್ರಪತ್ರ ಸಂದವು, ಅದು ನ್ಯಾಯವೇ. ಉಳಿದವರ ಕಷ್ಟಕ್ಕೆ ಮಾತ್ರ ಹೆಸರಿಲ್ಲ. ಮರುದಿನ ಹಾಜರಿ ಕೂಗುವಾಗ ಗೆಳೆಯನ ಹೆಸರಿಗೆ ಏನು ಹೇಳಬೇಕು? ಗುಮಾಸ್ತರ ಮಗ ಎದ್ದುನಿಂತು, “ಬೀಮಾರ್ ಹೈ, ಜನಾಬ್” ಎಂದ. ಕಾಯಿಲೆಯೆಂಬ ಆ ಸುಳ್ಳನ್ನು ಅವನು ದಿನವೂ ಹೇಳಿದ. ಅದು ಹೊರಬಿದ್ದರೆ ಪೆಟ್ಟು ಬೀಳುವುದು ಅವನ ತಂದೆಯ ನೌಕರಿಯ ಮೇಲೆ ಎಂಬುದು ಮೂವರಿಗೂ ಗೊತ್ತಿತ್ತು.

ಸೆಪ್ಟೆಂಬರ್ 13, ಸೋಮವಾರ. ಭಾರತದ ಸೇನೆ ಹಲವು ದಿಕ್ಕುಗಳಿಂದ ಸಂಸ್ಥಾನವನ್ನು ಹೊಕ್ಕಿತು. ಹೊಸಪೇಟೆಯ ಕಡೆ ತುಂಗಭದ್ರೆಯ ಸೇತುವೆ ಮೊದಲ ದಿನವೇ ಕೈವಶವಾಯಿತು. ಮೂರು ವರ್ಷದ ಹಿಂದೆ, 1945ರಲ್ಲಿ, ಎರಡು ಸರ್ಕಾರದವರೂ ಕೂಡಿ ಅಣೆಕಟ್ಟಿಗೆ ಅಡಿಗಲ್ಲಿಟ್ಟಿದ್ದ ಹೊಳೆಯೇ ಅದು. ರಾಯಚೂರಿನಲ್ಲಿ ಜನ ಬಾಗಿಲಿಕ್ಕಿ ಒಳಗೆ ಕೂತರು. ಇದ್ದ ಬೆರಳೆಣಿಕೆಯ ರೇಡಿಯೋಗಳಲ್ಲಿ ಒಂದು ಮಾವನ ಕೋಣೆಯ ಎದುರಿನ ಸಾವಕಾರರ ಅಂಗಡಿಯ ಅಟ್ಟದ ಮೇಲಿತ್ತು. 17ರ ಶುಕ್ರವಾರ ಸಂಜೆ ನಿಜಾಮರೇ ರೇಡಿಯೋದಲ್ಲಿ ಮಾತಾಡಿ ಯುದ್ಧ ನಿಲ್ಲಿಸಿದ್ದನ್ನು ತಿಳಿಸಿದರು. ಅಟ್ಟದ ಮೇಲೆ ಕದ್ದು ಕೇಳುತ್ತಿದ್ದವರಲ್ಲಿ ಮಾವನೂ ಗುಮಾಸ್ತರ ಮಗನೂ ಇದ್ದರು. ಮರುದಿನ ಜನರಲ್ ಎಲ್ ಎದ್ರೂಸ್ ಮೇಜರ್ ಜನರಲ್ ಚೌಧರಿಯವರಿಗೆ ಶರಣಾದರು. ಐದು ದಿನದಲ್ಲಿ ಮುಗಿಯಿತೆಂದು ಪುಸ್ತಕಗಳು ಹೇಳುತ್ತವೆ.

ಐದು ದಿನದಲ್ಲಿ ಮುಗಿಯದ್ದೂ ಇದೆ. ಸೇನೆ ಬಂದ ಬಳಿಕ ಸಂಸ್ಥಾನದ ಅನೇಕ ಕಡೆ ಮುಸಲ್ಮಾನರ ಮೇಲೆ ಸೇಡು ತೀರಿಸಿಕೊಳ್ಳಲಾಯಿತು. ರಜಾಕಾರನಾರು, ಬಡ ನೇಕಾರನಾರು ಎಂದು ಯಾರೂ ಕೇಳಲಿಲ್ಲ. ಉಸ್ಮಾನಾಬಾದ್, ಕಲಬುರ್ಗಿ, ಬೀದರ, ನಾಂದೇಡ ಜಿಲ್ಲೆಗಳಲ್ಲಿ ಅದು ಹೆಚ್ಚು. ಭಾರತ ಸರ್ಕಾರವೇ ಕಳಿಸಿದ ಪಂಡಿತ ಸುಂದರಲಾಲರ ಸಮಿತಿ ಸತ್ತವರನ್ನು 27,000ದಿಂದ 40,000ದವರೆಗೆ ಎಂದು ಅಂದಾಜು ಮಾಡಿತು. ಆ ವರದಿ ಬಹುಕಾಲ ಪ್ರಕಟವಾಗಲೇ ಇಲ್ಲ. ಗೋರ್ಟಾದ ಹೆಸರು ಹೇಳುವ ನಾವು ಇದನ್ನೂ ಹೇಳದೆ ಹೋದರೆ ಮಕ್ಕಳ ಮುಂದೆ ಅರ್ಧ ಪಾಠ ಮಾಡಿದಂತೆ.

ಗುಮಾಸ್ತರ ಮನೆಗೆ ಯಾರೂ ಕಲ್ಲು ಹೊಡೆಯಲಿಲ್ಲ. ಆದರೂ ಆ ತಂದೆ ದಸರೆಯ ಮುಂಚೆಯೇ ಸಂಸಾರ ಸಮೇತ ಹೈದರಾಬಾದಿಗೆ ಹೊರಟರು. ಮಾನ್ವಿಯವನು ಶಿಬಿರದಿಂದ ಮರಳಿದಾಗ ಬೆಂಚಿನ ನಡುವಣ ಜಾಗ ಖಾಲಿಯಿತ್ತು. ಕಾಲಿಗೆ ಗಾಯವಾಗಿತ್ತು, ಮೈ ಬಡಕಲಾಗಿತ್ತು. ತನ್ನ ಹೆಸರಿನ ಮುಂದೆ ಎರಡು ತಿಂಗಳೂ ‘ಬೀಮಾರ್’ ಎಂದಿರುವುದನ್ನು ಕಂಡು ನಕ್ಕವನು ಆಮೇಲೆ ಬಹಳ ಹೊತ್ತು ಸುಮ್ಮನಿದ್ದನಂತೆ. ಅವನು ಆ ವರ್ಷ ಪರೀಕ್ಷೆಗೆ ಕೂಡಲಿಲ್ಲ. ಮುಂದೆ ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು ಹರಿದ ಮೇಲೆ ಮಾನ್ವಿಯ ಕಡೆ ಭತ್ತದ ಬೇಸಾಯ ಮಾಡಿಕೊಂಡಿದ್ದ.

ಮಾವ ಪಾಸಾದ, ಅಜ್ಜನ ಎರಡು ಎಕರೆ ಬಿಡಿಸಿಕೊಂಡ. 1956ರ ನವೆಂಬರ್ 1ರಂದು ರಾಯಚೂರು ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರುವ ಹೊತ್ತಿಗೆ ಕನ್ನಡ ಶಾಲೆಯ ಮೇಷ್ಟರಾಗಿ, ಸಮದ್ವಿಬಾಹು ತ್ರಿಭುಜ ಕಲಿಸುತ್ತಿದ್ದ. ಆದರೆ ನಿವೃತ್ತನಾದ ಮೇಲೂ ಹಾಲಿನ ಲೆಕ್ಕ, ಕಾಳಿನ ಚೀಲದ ಲೆಕ್ಕ ಮಾಡುವಾಗ ತುಟಿ ಅಲುಗುತ್ತಿದ್ದುದು ಉರ್ದುವಿನಲ್ಲಿ: ಗ್ಯಾರಾ, ಬಾರಾ, ತೇರಾ. ಆತನ ಟ್ರಂಕಿನ ತಳದಲ್ಲಿ ರಟ್ಟು ಹರಿದ ಒಂದು ಉರ್ದು ರೇಖಾಗಣಿತವಿತ್ತು. ಮೊದಲ ಪುಟದಲ್ಲಿದ್ದ ಹೆಸರು ಮಾವನದಲ್ಲ. ಹೈದರಾಬಾದಿಗೆ ಹೋದಾಗಲೆಲ್ಲ ಅದನ್ನು ಕೈಚೀಲದಲ್ಲಿ ಇಟ್ಟುಕೊಂಡು ಹೋಗುತ್ತಿದ್ದ, ಹಾಗೆಯೇ ತರುತ್ತಿದ್ದ.