ಹಾಸಿಗೆ ಇದ್ದಷ್ಟು ಕಾಲು ಚಾಚು: ಒಂದು ಹಳೆಯ ಪಾಠದ ತಿದ್ದುಪಡಿ

‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂಬ ಗಾದೆಯನ್ನು ಕರಿಹಲಗೆಯ ಮೇಲೆ ಬರೆದು ಸರ್ಕಾರದ ಆಯವ್ಯಯದ ಪಾಠವನ್ನು ನಾನು ಆರಂಭಿಸುತ್ತಿದ್ದುದು ನನ್ನ ಹಳೆಯ ವಿದ್ಯಾರ್ಥಿಗಳಿಗೆ ನೆನಪಿರಬಹುದು. ವರಮಾನ ಕುಗ್ಗಿದಾಗ ಮನೆಯ ಯಜಮಾನನು ಹೇಗೆ ಕೈ ಬಿಗಿಹಿಡಿಯುತ್ತಾನೋ ಸರ್ಕಾರವೂ ಹಾಗೆಯೇ ಮಾಡತಕ್ಕದ್ದು ಎಂದು ನೋಟ್ಸ್ ಬರೆಸುತ್ತಿದ್ದೆ. ಒಮ್ಮೆ ಹಿಂದಿನ ಬೆಂಚಿನಿಂದ ಬಟ್ಟೆ ಅಂಗಡಿಯವರ ಮಗನೊಬ್ಬನು ಎದ್ದು ನಿಂತು, “ಸಾರ್, ಎಲ್ಲರೂ ಒಟ್ಟಿಗೆ ಖರ್ಚು ನಿಲ್ಲಿಸಿಬಿಟ್ಟರೆ ನಮ್ಮ ಅಂಗಡಿಗೆ ಯಾರು ಬರುತ್ತಾರೆ?” ಎಂದು ಕೇಳಿದನು. “ಪಠ್ಯದಲ್ಲಿ ಇಲ್ಲದ್ದನ್ನು ಕೇಳಬೇಡ, ಕುಳಿತುಕೋ” ಎಂದೆ. ನಿವೃತ್ತನಾದ ಮೇಲೆ, ಪರೀಕ್ಷೆಯ ಅವಸರವಿಲ್ಲದೆ ಇತಿಹಾಸವನ್ನು ಓದುತ್ತ ಹೋದಾಗ, ಅವನ ಪ್ರಶ್ನೆಗೆ ಅಮೆರಿಕ ದೇಶವು ಬಹಳ ಹಿಂದೆಯೇ ದುಬಾರಿ ಬೆಲೆ ತೆತ್ತು ಉತ್ತರ ಕಂಡುಕೊಂಡಿತ್ತೆಂಬುದು ತಿಳಿಯಿತು.

1929ರಲ್ಲಿ ಆರಂಭವಾದ ಮಹಾ ಆರ್ಥಿಕ ಮುಗ್ಗಟ್ಟಿನಿಂದ 1933ರ ವೇಳೆಗೆ ಅಮೆರಿಕದ ದುಡಿಮೆಗಾರರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬನಿಗೆ ಕೆಲಸವಿರಲಿಲ್ಲ. ಫ್ರಾಂಕ್ಲಿನ್ ರೂಸ್‌ವೆಲ್ಟ್ ಸಹ ನನ್ನ ಗಾದೆಯನ್ನೇ ನಂಬಿದ್ದವರು. 1932ರ ಚುನಾವಣೆಯಲ್ಲಿ, ಪಿಟ್ಸ್‌ಬರ್ಗ್ ನಗರದ ಭಾಷಣದಲ್ಲಿ, ಕೇಂದ್ರ ಸರ್ಕಾರದ ಖರ್ಚನ್ನು ಶೇ. 25ರಷ್ಟು ತಗ್ಗಿಸುವೆನೆಂದು ಮಾತು ಕೊಟ್ಟಿದ್ದರು. ಅಧಿಕಾರಕ್ಕೆ ಬಂದೊಡನೆ ಸರ್ಕಾರಿ ನೌಕರರ ಸಂಬಳವನ್ನೂ ಕಡಿತಗೊಳಿಸಿದರು. ಆದರೆ ಕಣ್ಣೆದುರಿಗಿದ್ದ ಹಸಿವು ಅವರನ್ನು ಬೇರೆ ದಾರಿಗೆ ಎಳೆಯಿತು. ರಸ್ತೆ, ಅಣೆಕಟ್ಟು, ಶಾಲಾ ಕಟ್ಟಡಗಳ ಕಾಮಗಾರಿಗಳಲ್ಲಿ ಲಕ್ಷಾಂತರ ಜನರಿಗೆ ಕೂಲಿ ದೊರೆಯಿತು. 1936ರ ಹಣಕಾಸು ವರ್ಷದಲ್ಲಿ ಕೊರತೆಯು 400 ಕೋಟಿ ಡಾಲರನ್ನು ಮೀರಿತು. ಅತ್ತ ನಿರುದ್ಯೋಗವು 1937ರ ಹೊತ್ತಿಗೆ ಶೇ. 14ರ ಸುಮಾರಿಗೆ ಇಳಿದಿತ್ತು.

ರೋಗ ವಾಸಿಯಾಯಿತೆಂದು ಎಲ್ಲರೂ ಭಾವಿಸಿದರು. ಖಜಾನೆ ಮಂತ್ರಿ ಹೆನ್ರಿ ಮಾರ್ಗೆಂಥೋ ಅವರು ಇನ್ನು ಬಜೆಟ್ಟನ್ನು ಸರಿದೂಗಿಸಲೇಬೇಕೆಂದು ಒತ್ತಾಯಿಸಿದರು. ಪರಿಹಾರ ಕಾಮಗಾರಿಗಳು ಕುಗ್ಗಿದವು. ಹಳೆಯ ಸೈನಿಕರಿಗೆ 1936ರಲ್ಲಿ ಹಂಚಿದ್ದ ಬೋನಸ್ ಮುಗಿದುಹೋಗಿತ್ತು. ಸಾಮಾಜಿಕ ಭದ್ರತೆಯ ತೆರಿಗೆಯು 1937ರ ಜನವರಿಯಿಂದ ಸಂಬಳದಲ್ಲಿ ಮುರಿದುಕೊಳ್ಳತೊಡಗಿತು. ಆದರೆ ಅದರ ತಿಂಗಳ ಪಿಂಚಣಿ ಕೈಸೇರಲಾರಂಭಿಸಿದ್ದು 1940ರಲ್ಲಿ. 1938ರ ಹಣಕಾಸು ವರ್ಷದ ಕೊರತೆ 10 ಕೋಟಿ ಡಾಲರಿಗಿಂತಲೂ ಕಡಿಮೆ. ಲೆಕ್ಕದ ಪುಸ್ತಕವೇನೋ ಸರಿಹೋಯಿತು. ಆದರೆ 1937ರ ಮೇ ತಿಂಗಳಿಂದ ಒಂದು ವರ್ಷದೊಳಗೆ ಕೈಗಾರಿಕಾ ಉತ್ಪಾದನೆ ಮೂರನೆಯ ಒಂದು ಭಾಗದಷ್ಟು ಕುಸಿದು, ನಿರುದ್ಯೋಗ ಮತ್ತೆ ಶೇ. 19ಕ್ಕೆ ಏರಿತು.

ಹೀಗೇಕಾಯಿತು? ಒಬ್ಬನ ಖರ್ಚೇ ಇನ್ನೊಬ್ಬನ ವರಮಾನ. ಒಂದು ಮನೆ ಖರ್ಚು ತಗ್ಗಿಸಿದರೆ ಅದರ ಸಂಬಳವೇನೂ ಕಡಿಮೆಯಾಗುವುದಿಲ್ಲ. ಆದರೆ ಜನರೆಲ್ಲ ಕೈ ಬಿಗಿಹಿಡಿದ ಸಮಯದಲ್ಲಿ ಸರ್ಕಾರವೂ ಹಿಂದೆಗೆದರೆ ಅಂಗಡಿ ಮುಚ್ಚುತ್ತದೆ, ಕೂಲಿ ತಪ್ಪುತ್ತದೆ, ಕೊನೆಗೆ ಸರ್ಕಾರಕ್ಕೆ ಬರುವ ತೆರಿಗೆಯೂ ಇಳಿಯುತ್ತದೆ. ಸರ್ಕಾರ ಕಾಲು ಮಡಿಸಿಕೊಂಡಷ್ಟೂ ಹಾಸಿಗೆಯೇ ಚಿಕ್ಕದಾಗುತ್ತದೆ. ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಕೇನ್ಸ್ ತಮ್ಮ 1936ರ ಗ್ರಂಥದಲ್ಲಿ ವಾದಿಸಿದ್ದುದೂ ಇದನ್ನೇ. 1938ರ ಫೆಬ್ರುವರಿಯಲ್ಲಿ ರೂಸ್‌ವೆಲ್ಟರಿಗೆ ಖಾಸಗಿ ಪತ್ರವನ್ನೂ ಬರೆದರು. ಏಪ್ರಿಲ್‌ನಲ್ಲಿ ರೂಸ್‌ವೆಲ್ಟ್ ಮತ್ತೆ ಖರ್ಚಿನ ದಾರಿ ಹಿಡಿದರು. ಜೂನ್ ನಂತರ ಚೇತರಿಕೆ ಕಂಡಿತು. ಅಲ್ಲಿನ ಕೇಂದ್ರ ಬ್ಯಾಂಕು ಅದೇ ಅವಧಿಯಲ್ಲಿ ಬ್ಯಾಂಕುಗಳ ಮೀಸಲು ಪ್ರಮಾಣವನ್ನು ಇಮ್ಮಡಿಗೊಳಿಸಿತ್ತು. ಯಾವುದರ ಪಾಲು ಎಷ್ಟು ಎಂಬ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ ಎಂಬುದನ್ನೂ ನಾನು ಹೇಳಬೇಕು.

ಹಾಗಾದರೆ ಸಾಲ ಮಾಡಿ ಖರ್ಚು ಮಾಡುವುದೇ ಸದಾ ಸರಿಯೇ? ಇಲ್ಲಿ ನಮ್ಮವರೇ ಆದ ಡಾ. ವಿ.ಕೆ.ಆರ್.ವಿ. ರಾವ್ ಅವರನ್ನು ನೆನೆಯಬೇಕು. ಕೇನ್ಸ್ ಇದ್ದ ಕಾಲದ ಕೇಂಬ್ರಿಜ್‌ನಲ್ಲಿ ಓದಿದವರು. ಬಳ್ಳಾರಿಯಿಂದ ಲೋಕಸಭೆಗೆ ಆಯ್ಕೆಯಾದವರು. 1972ರಲ್ಲಿ ಬೆಂಗಳೂರಿನಲ್ಲಿ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆಯ ಅಧ್ಯಯನ ಸಂಸ್ಥೆಯನ್ನು ಕಟ್ಟಿದವರು. ಕೇನ್ಸರ ಸೂತ್ರವನ್ನು ಅಂದಿನ ಭಾರತಕ್ಕೆ ಹಾಗೆಯೇ ಅನ್ವಯಿಸಲಾಗದೆಂದು ಅವರು 1952ರ ಲೇಖನವೊಂದರಲ್ಲಿ ತೋರಿಸಿದರು. ಅಮೆರಿಕದಲ್ಲಿ ಯಂತ್ರಗಳು ಸಿದ್ಧವಾಗಿದ್ದೂ ಕೊಳ್ಳುವವರಿಲ್ಲದೆ ನಿಂತಿದ್ದವು. ಇಲ್ಲಿ ಯಂತ್ರ, ಬಂಡವಾಳ, ಧಾನ್ಯಗಳಿಗೇ ಅಭಾವವಿತ್ತು. ಇಂತಹ ಕಡೆ ಬರಿಯ ಹಣ ಸುರಿದರೆ ಬೆಳೆಯುವುದು ಉತ್ಪಾದನೆಯಲ್ಲ, ಬೆಲೆ.

ಆದುದರಿಂದ ಕೊರತೆಯ ಬಜೆಟ್ಟು ಪಾಪವೂ ಅಲ್ಲ, ಪುಣ್ಯವೂ ಅಲ್ಲ. ಕೈಗಳೂ ಯಂತ್ರಗಳೂ ಕೆಲಸವಿಲ್ಲದೆ ಕುಳಿತಿವೆಯೇ ಎಂದು ಮೊದಲು ನೋಡಬೇಕು. ಸುಗ್ಗಿಯಲ್ಲಿ ಸಾಲ ತೀರಿಸುವ ಸಂಯಮವೂ ಇರಬೇಕು. ಗಾದೆ ಸುಳ್ಳಲ್ಲ, ಅದು ಮನೆಗೆ ಸಲ್ಲುವ ಮಾತು. ನಾನು ಅದನ್ನು ದೇಶಕ್ಕೆ ಹೊದಿಸಿದ್ದೆ.

ನನ್ನ ನೋಟ್ಸನ್ನು ಬಾಯಿಪಾಠ ಮಾಡಿದವರೆಲ್ಲರೂ ದಯವಿಟ್ಟು ಈ ತಿದ್ದುಪಡಿಯನ್ನು ಸೇರಿಸಿಕೊಳ್ಳಿ. ಬಟ್ಟೆ ಅಂಗಡಿಯ ಆ ಹುಡುಗ ಇದನ್ನು ಓದುವನೋ ಇಲ್ಲವೋ. ಓದಿದರೆ, ಅಪ್ಪಾ, ಅಂದು ನಿನ್ನ ಪ್ರಶ್ನೆಯೇ ಸರಿಯಾಗಿತ್ತು. ನಿನ್ನನ್ನು ಕುಳಿತುಕೊಳ್ಳಲು ಹೇಳಿದ್ದು ನನ್ನ ತಪ್ಪು.